ನೀರಿನ ಸಾಣೆಚಕ್ರ

ಮನೆಯಲ್ಲಿ ಚಾಕು ಇರುವದು ಸಾಮಾನ್ಯ. ಹರಿತವಾದ ಚಾಕು ಇರುವದು ಅಪರೂಪ. ಈಳಿಗೆ ಮೊಂಡಾದರೆ ಓಣಿಯಲ್ಲಿ ಸಾಣೆ ಹಿಡಿಯುವವನ ಕೂಗು ಕೇಳುವ ತನಕ ಕಾಯುವದೂ, ಅಲ್ಲಿಯ ವರೆಗೆ ಅದೇ ಅಲಗಿನಿಂದ ಕಾಯಿಪಲ್ಲೆಯನ್ನು ಒತ್ತಿ ಜಜ್ಜುವದೂ ನಮ್ಮಲ್ಲಿ ರೂಢಿಯಾಗಿದೆ. ಮೊಂಡಲಗು ನಿರಪಾಯವೆಂದು ಅನೇಕರ ಎಣಿಕೆ. ಆದರೆ ಮೊಂಡಲಗಿಗೆ ಬಲ ಹಾಕಬೇಕಾಗುವದು. ಬಲ ಹಾಕಿದರೆ ಅದು ಜಾರುವದು. ಜಾರಿದ ಅಲಗು ಎಲ್ಲಿ ನಿಲ್ಲುವದೆಂಬದು ನಮ್ಮ ಕೈಯಲ್ಲಿರುವದಿಲ್ಲ. ಆದಕಾರಣ ಹರಿತ ಮಾಡುವ ವಿದ್ಯೆಯನ್ನು ಹೆಣ್ಣುಮಕ್ಕಳೂ ಕಲಿಯತಕ್ಕದ್ದೆಂದು ಭಾವಿಸಿ ಈ ನಾಲ್ಕು ಮಾತುಗಳನ್ನು ಬರೆಯುತ್ತೇವೆ.

ನಾವು ಈ ಪಾಠವನ್ನು ನಷ್ಟಮಾಡಿಯೇ ಕಲಿತೆವು. ಹುನಗುಂದದಲ್ಲಿ ಕೈಮಗ್ಗಗಳನ್ನು ದುರಸ್ತಿ ಮಾಡುವ ಒಬ್ಬ ವೃದ್ಧ ಬಡಿಗರಿಂದ ಅಗಲವಾದ ಒಂದು ಉಳಿಯನ್ನು ಎರವಲು ತಂದಿದ್ದೆವು. ಇಳಕಲ್ಲಿನ ಸೀರೆ ನೇಯುವ ಕುಣಿಮಗ್ಗಗಳ ಕಟ್ಟಿಗೆಯ ಭಾಗಗಳನ್ನು ಅವರು ಎಷ್ಟೋ ವರ್ಷ ಅದರಿಂದಲೇ ಸರಿಪಡಿಸಿದ್ದರು. ತಿರುಗಿ ಕೊಡುವ ಮೊದಲು ಹರಿತ ಮಾಡಿಕೊಡುವದೇ ಮರ್ಯಾದೆಯೆಂದು ಎಣಿಸಿ, ವಿದ್ಯುತ್ತಿನಿಂದ ತಿರುಗುವ ಒಣ ಸಾಣೆಯಂತ್ರಕ್ಕೆ ಅದನ್ನು ಹಿಡಿದೆವು. ಕಿಡಿಗಳು ಸೊಗಸಾಗಿ ಹಾರಿದವು. ಕ್ಷಣಮಾತ್ರದಲ್ಲಿ ಉಳಿಯ ತುದಿಯು ನವಿಲಿನ ಕೊರಳಿನಂತೆ ನೀಲಿಯಾಯಿತು. ಆ ಬಣ್ಣವನ್ನು ತಿಕ್ಕಿ ತೆಗೆದು, ಏನೂ ಆಗಿಲ್ಲವೆಂಬಂತೆ ಉಳಿಯನ್ನು ಒಪ್ಪಿಸಿ ಬಂದೆವು. ಮರುವಾರ ಅವರ ಅಂಗಡಿಯ ಮುಂದೆ ಹೋದಾಗ, ಎರಡೇ ಏಟಿಗೆ ಅಂಚು ಮಡಚಿಕೊಂಡ ಉಳಿಯನ್ನು ತೋರಿಸಿ ಅವರು ಮೆಲ್ಲಗೆ ಹೇಳಿದರು: “ಬಣ್ಣ ತಿಕ್ಕಿದರ ಹೋಗತೈತ್ರಿ ಅಕ್ಕಾರ, ಹೋದ ಹದ ತಿರುಗಿ ಬರೂದಿಲ್ಲ.”

ಆ ಮಾತಿನ ಅರ್ಥವೇನೆಂದರೆ: ಕಮ್ಮಾರನು ಉಕ್ಕನ್ನು ಕೆಂಪಗೆ ಕಾಯಿಸಿ ಫಕ್ಕನೆ ನೀರಿನಲ್ಲಾಗಲಿ ಎಣ್ಣೆಯಲ್ಲಾಗಲಿ ಅದ್ದಿದರೆ ಅದು ಬಹು ಕಠಿಣವಾಗುವದು, ಆದರೆ ಗಾಜಿನಂತೆ ಸಿಡಿಯುವ ಸ್ವಭಾವವೂ ಬರುವದು. ಆದಕಾರಣ ಅದನ್ನು ಮತ್ತೊಮ್ಮೆ ಮಿತವಾಗಿ ಕಾಯಿಸಿ ಹದಕ್ಕೆ ತರುತ್ತಾರೆ. ಹೊಳಪಾದ ಉಕ್ಕು ಸುಮಾರು 220ರಿಂದ 230 ಡಿಗ್ರಿ ಸೆಂಟಿಗ್ರೇಡಿನ ಶಾಖದಲ್ಲಿ ಹುಲ್ಲಿನ ಹಳದಿ ಬಣ್ಣವನ್ನೂ, 300ರ ಸುಮಾರಿಗೆ ನೀಲಿ ಬಣ್ಣವನ್ನೂ ತಾಳುವದು. ಸಾದಾ ಉಕ್ಕಿನ ಉಳಿಯು ನೀಲಿಯಾಯಿತೆಂದರೆ ಅಂಚಿಗೆ ಬೇಕಾದ ಕಾಠಿಣ್ಯವು ಕಳೆದುಹೋಯಿತೆಂದು ತಿಳಿಯಬೇಕು. ಅಂಚು ಬಹು ತೆಳುವಾದ್ದರಿಂದ ಶಾಖವು ಮೊದಲು ಅಲ್ಲಿಯೇ ಸೇರುವದು. ನೀಲಿಯಾದ ಮೇಲೆ ನೀರಿನಲ್ಲಿ ಅದ್ದಿದರೆ ಫಲವಿಲ್ಲ. ಕುಲುಮೆಯಲ್ಲಿ ಪುನಃ ಹದಮಾಡಬೇಕು, ಇಲ್ಲವೆ ಕೆಟ್ಟ ಭಾಗವನ್ನೆಲ್ಲ ಸವೆಸಿ ತೆಗೆಯಬೇಕು.

ನೀರಿನ ಸಾಣೆಚಕ್ರವು ಈ ಅಪಾಯವನ್ನು ಎರಡು ಬಗೆಯಲ್ಲಿ ತಪ್ಪಿಸುವದು. ಮೊದಲನೇದು, ವೇಗ. 25 ಸೆಂಟಿಮೀಟರು ವ್ಯಾಸದ ನೀರಿನ ಚಕ್ರವು ನಿಮಿಷಕ್ಕೆ ಸುಮಾರು 90 ಸುತ್ತು ತಿರುಗಿದರೆ ಅದರ ಮೈ ನಿಮಿಷಕ್ಕೆ ಸುಮಾರು 70 ಮೀಟರು ಸಾಗುವದು. 15 ಸೆಂಟಿಮೀಟರಿನ ಒಣ ಚಕ್ರವಾದರೋ ನಿಮಿಷಕ್ಕೆ 2,800 ಸುತ್ತಿನ ಲೆಕ್ಕದಲ್ಲಿ 1,300 ಮೀಟರಿಗಿಂತ ಹೆಚ್ಚು ಓಡುವದು. ಎರಡನೇದು, ನೀರು. ಚಕ್ರದ ಕೆಳಭಾಗವು ತೊಟ್ಟಿಯ ನೀರಿನಲ್ಲಿ ಮುಳುಗಿ ತಿರುಗುವದರಿಂದ ಅಂಚು ಸದಾ ತೊಯ್ದಿರುವದು. ನೀರು 100 ಡಿಗ್ರಿಯಲ್ಲಿ ಆವಿಯಾಗುವ ವಸ್ತು. ಅದು ಅಂಚಿನ ಮೇಲೆ ಹರಿಯುತ್ತಿರುವ ವರೆಗೆ ಉಕ್ಕು 200 ಡಿಗ್ರಿಯ ಗೊಡವೆಗೇ ಹೋಗುವದಿಲ್ಲ. ಅಲ್ಲದೆ ಸವೆದ ಉಕ್ಕಿನ ಪುಡಿಯನ್ನು ನೀರು ತೊಳೆದು ಒಯ್ಯುವದರಿಂದ ಕಲ್ಲಿನ ಮೈ ಕಟ್ಟಿಕೊಳ್ಳುವದಿಲ್ಲ.

ಯಾವ ಕಲ್ಲು ಸಾಣೆಗೆ ತಕ್ಕದ್ದೆಂಬದನ್ನು ತಿಳಿಯಲು ನಮ್ಮ ಬಾಗಲಕೋಟೆ ಜಿಲ್ಲೆಯವರು ದೂರ ಹೋಗಬೇಕಾದದ್ದಿಲ್ಲ. ಬಾದಾಮಿಯ ಕೆಂಪು ಬಂಡೆ ಮರಳುಗಲ್ಲು. ಇಳಕಲ್ಲಿನ ಕೆಂಪು ಬಂಡೆ ಗ್ರಾನೈಟು. ಮರಳುಗಲ್ಲಿನಲ್ಲಿ ಗಡಸಾದ ಮರಳಿನ ಕಣಗಳು ಒಂದಕ್ಕೊಂದು ಅಂಟಿಕೊಂಡಿರುವವು. ಇಂಥ ಕಲ್ಲು ತಕ್ಕಷ್ಟು ಮೆದುವಾಗಿದ್ದರೆ, ಮೇಲಿನ ಕಣವು ಮೊಂಡಾದೊಡನೆ ಉದುರಿ, ಕೆಳಗಿನ ಹೊಸ ಕಣವು ಚೂಪಾಗಿ ಮೇಲೆ ಬರುವದು. ಗ್ರಾನೈಟಿನ ಕಣಗಳು ಒಂದರೊಳಗೊಂದು ಹೆಣೆದುಕೊಂಡಿರುವದರಿಂದ ಅವು ಉದುರದೆ ನುಣುಪಾಗುವವು. ಗ್ರಾನೈಟು ಕನ್ನಡಿಯಂಥ ಹೊಳಪನ್ನು ತಾಳುವದಕ್ಕೂ ಸಾಣೆಗೆ ಒದಗದಿರುವದಕ್ಕೂ ಕಾರಣ ಒಂದೇ. ಹಿಂದೆ ಅನೇಕ ದೇಶಗಳಲ್ಲಿ ಮರಳುಗಲ್ಲನ್ನೇ ದುಂಡಗೆ ಕಡಿದು ಚಕ್ರ ಮಾಡುತ್ತಿದ್ದರು. ಈಗಿನ ಚಕ್ರಗಳಲ್ಲಿ ಹೆಚ್ಚಿನವು ಕೃತಕ ಕಣಗಳಿಂದಾದವು. ಬಾದಾಮಿಯ ಮೂರನೆಯ ಗುಹೆಯಲ್ಲಿ ಕ್ರಿ. ಶ. 578ರ ಶಾಸನವಿದೆ. ಅದನ್ನು ಕೊರೆದ ಶಿಲ್ಪಿಗಳ ಉಳಿಗಳು ಆ ಕಣಗಳಿಗೆ ತಾಗಿ ಎಷ್ಟು ಬೇಗ ಮೊಂಡಾಗಿರಬೇಕು, ಅವರ ಹಿಂದೆ ಎಷ್ಟು ಕುಲುಮೆಗಳು ಉರಿದಿರಬೇಕು ಎಂಬದನ್ನು ನೋಡುಗರು ಊಹಿಸಲಿ.

ಇನ್ನು ಕ್ರಮವನ್ನು ಹೇಳುವೆವು. ಮೊದಲು ಜಡೆಯನ್ನು ಮೇಲಕ್ಕೆ ಕಟ್ಟಬೇಕು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಬೇಕು, ಬಳೆಗಳನ್ನು ತೆಗೆದಿಡಬೇಕು. ಚಕ್ರವನ್ನು ತಿರುಗಿಸಿ ತೊಟ್ಟಿಗೆ ನೀರು ಹಾಕಬೇಕು. ಒಣಗಿದ ಕಲ್ಲು ಮೊದಲು ತಾನೇ ನೀರು ಕುಡಿಯುವದರಿಂದ ಮತ್ತೊಮ್ಮೆ ತುಂಬಬೇಕಾಗುವದು. ಕಟ್ಟಿಗೆಯ ಉಳಿಯ ಇಳಿಜಾರು ಸಾಧಾರಣವಾಗಿ 25 ಡಿಗ್ರಿ ಇರಬೇಕು. ಉಳಿಯ ದಪ್ಪವು 4 ಮಿಲಿಮೀಟರಿದ್ದರೆ ಇಳಿಜಾರಿನ ಉದ್ದವು ಒಂಬತ್ತೂವರೆ ಮಿಲಿಮೀಟರಿನಷ್ಟು ಬಂದಾಗ ಕೋನವು ಸರಿಯಾಯಿತೆಂದು ತಿಳಿಯಬಹುದು. ರೇಖಾಗಣಿತವು ಪರೀಕ್ಷೆಗೆ ಮಾತ್ರ ಎಂದು ಗೊಣಗುವ ವಿದ್ಯಾರ್ಥಿನಿಯರು ಇದನ್ನು ನೆನಪಿಡಲಿ. ಅಡಿಗೆಯ ಚಾಕಿಗೆ ಒಂದೊಂದು ಬದಿಗೆ 15ರಿಂದ 20 ಡಿಗ್ರಿ ಸಾಕು.

ಇಳಿಜಾರಿಗೆ ಮಸಿ ಬಳಿದು ಚಕ್ರಕ್ಕೆ ಒಮ್ಮೆ ಮೆಲ್ಲಗೆ ತಾಗಿಸಿ ನೋಡಬೇಕು. ಮಸಿ ತುದಿಯಲ್ಲಿ ಮಾತ್ರ ಅಳಿಸಿದರೆ ಹಿಡಿಕೆಯು ಹೆಚ್ಚು ಎತ್ತಿದೆ. ಹಿಂಭಾಗದಲ್ಲಿ ಮಾತ್ರ ಅಳಿಸಿದರೆ ಹೆಚ್ಚು ತಗ್ಗಿದೆ. ಉದ್ದಕ್ಕೂ ಅಳಿಸಿದರೆ ಸರಿಯಾಗಿದೆ. ಹೊಸಬರು ಚಕ್ರದ ಮೈ ಅಂಚಿನಿಂದ ಆಚೆಗೆ ಸರಿಯುವಂತೆ ಅಲಗನ್ನು ಹಿಡಿಯುವದು ಕ್ಷೇಮ. ಎದುರಿಗೆ ಬರುವ ಕಲ್ಲಿನಲ್ಲಿ ಅಂಚು ನಾಟಿಕೊಳ್ಳಬಹುದು. ಒತ್ತುವದು ಬೇಡ. ಉಳಿಯನ್ನು ಚಕ್ರದ ಅಗಲಕ್ಕೆಲ್ಲ ಸರಿಸುತ್ತಿರಬೇಕು. ಒಂದೇ ಕಡೆ ಹಿಡಿದರೆ ಕಲ್ಲಿನಲ್ಲಿ ಕುಳಿ ಬೀಳುವದು.

ಸ್ವಲ್ಪ ಹೊತ್ತಿನಲ್ಲಿ ಅಂಚಿನ ಮರುಬದಿಗೆ ಉಕ್ಕಿನ ಒಂದು ತೆಳು ಪೊರೆ ಮಡಚಿ ನಿಲ್ಲುವದು. ಇಳಿಜಾರು ತುದಿಯನ್ನು ಮುಟ್ಟಿತೆಂಬದಕ್ಕೆ ಇದೇ ಗುರುತು. ಬೆರಳನ್ನು ಬೆನ್ನಿನಿಂದ ಅಂಚಿನ ಆಚೆಗೆ ಸವರಿ ಅದನ್ನು ತಿಳಿಯಬೇಕು. ಅಂಚಿನ ಉದ್ದಕ್ಕೆ ಎಂದಿಗೂ ಸವರಬಾರದು. ಚಾಕಿನ ಎರಡೂ ಬದಿಗಳನ್ನು ಹೀಗೆಯೇ ಮಾಡಬೇಕು. ಉಳಿಯ ಬೆನ್ನನ್ನಾದರೋ ಚಕ್ರಕ್ಕೆ ಕೊಡದೆ ಚಪ್ಪಟೆಯಾದ ನುಣುಪು ಮಸೆಗಲ್ಲಿನ ಮೇಲೆ ಸಮನಾಗಿಟ್ಟು ಉಜ್ಜಬೇಕು. ಕಡೆಗೆ ತೊಗಲಿನ ಪಟ್ಟಿಯ ಮೇಲೆ ಅಂಚು ಹಿಂದಾಗುವಂತೆ ಎಳೆದರೆ ಉಳಿದ ಪೊರೆ ಉದುರುವದು. ಮಾಗಿದ ಟೊಮೆಟೊದ ಸಿಪ್ಪೆಯನ್ನು ಒತ್ತದೆ ಕೊಯ್ದರೆ ಚಾಕು ಸಿದ್ಧವಾಯಿತು.

ಕೆಲಸ ಮುಗಿದ ಮೇಲೆ ತೊಟ್ಟಿಯ ನೀರನ್ನು ತೆಗೆದುಬಿಡಬೇಕು. ಮರಳುಗಲ್ಲಿನ ಚಕ್ರವು ನೀರಿನಲ್ಲಿ ನಿಂತೇ ಇದ್ದರೆ ನೆನೆದ ಭಾಗವು ಮೆತ್ತಗಾಗಿ ಬೇಗ ಸವೆದು ಚಕ್ರವು ದುಂಡನ್ನು ಕಳಕೊಳ್ಳುವದು. ಅಲಗನ್ನು ಒರಸಿ ಒಂದು ಹನಿ ಕೊಬ್ಬರಿ ಎಣ್ಣೆ ಸವರಬೇಕು. ನೀರಿನಿಂದ ಮತ್ತೊಂದು ಉಪಕಾರವೂ ಉಂಟು. ಮರಳುಗಲ್ಲಿನ ಒಣ ಧೂಳು ಪುಪ್ಪುಸಗಳಿಗೆ ವಿಷವಿದ್ದಂತೆ. 19ನೆಯ ಶತಮಾನದಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ಪಟ್ಟಣದಲ್ಲಿ ಒಣ ಚಕ್ರದ ಮೇಲೆ ಸಾಣೆ ಹಿಡಿಯುತ್ತಿದ್ದ ಅನೇಕ ಕೆಲಸಗಾರರು ಆ ಧೂಳಿನ ರೋಗದಿಂದ ಅಕಾಲದಲ್ಲಿ ಮಡಿದರು. ನೀರು ಧೂಳನ್ನು ಬಹಳ ಮಟ್ಟಿಗೆ ಅಡಗಿಸುವದು.

ಆ ಬಡಿಗರು ನಮ್ಮನ್ನು ಬೈಯಲಿಲ್ಲ. ತಮ್ಮ ನೀರಿನ ಚಕ್ರದ ಮುಂದೆ ಕೂಡ್ರಿಸಿ, ನಾವು ಕೆಡಿಸಿದ ಅಂಚನ್ನು ನಮ್ಮ ಕೈಯಿಂದಲೇ ಸವೆಸಿದರು. ಒಂದು ಕಾಳಿನಷ್ಟು ಉಕ್ಕು ಹೋಗಲು ಇಡೀ ಮಧ್ಯಾಹ್ನ ಹಿಡಿಯಿತು. ಉಳಿ ಅಷ್ಟು ಗಿಡ್ಡವಾಯಿತು; ಅಷ್ಟು ವರ್ಷದ ಕೆಲಸ ಅದರ ಆಯುಷ್ಯದಿಂದ ಕಡಿಮೆಯಾಯಿತು. ಬಣ್ಣವನ್ನು ತಿಕ್ಕಿ ಮರೆಮಾಡದೆ ಆ ದಿನವೇ ಹೇಳಿದ್ದರೆ ಅವರು ಕೆಲಸದ ನಡುವೆ ಮೋಸಹೋಗುತ್ತಿರಲಿಲ್ಲವೆಂಬ ನಾಚಿಕೆ ನಮಗೆ ಇಂದಿಗೂ ಇದೆ. ನಮ್ಮ ವಿದ್ಯಾರ್ಥಿನಿಯರು ಈ ರಜೆಯಲ್ಲಿ ಮನೆಯ ಒಂದು ಹಳೆಯ ಚಾಕಿನಿಂದ, ಹಿರಿಯರನ್ನು ಹತ್ತಿರ ಇಟ್ಟುಕೊಂಡು, ಈ ವಿದ್ಯೆಯನ್ನು ಆರಂಭಿಸಲಿ. ಎರವಲು ತಂದ ಉಳಿಯಿಂದ ಮಾತ್ರ ಬೇಡ.