ಒಬ್ಬ ಆಳು, ಇಬ್ಬರು ಧಣಿಗಳು

ಗಂಭೀರವಾದ ನಾಟಕವೊಂದನ್ನು ಮನೆಯಲ್ಲಿ ಕುಳಿತು ಓದಿದರೂ ಅದರ ಫಲದಲ್ಲಿ ಅರ್ಧವಾದರೂ ನಮಗೆ ದಕ್ಕುವುದು. ಪ್ರಹಸನದ ವಿಷಯ ಹಾಗಲ್ಲ. ಒಬ್ಬನು ಜಾರಿ ಬಿದ್ದನೆಂಬುದನ್ನು ಓದಿ ಯಾರೂ ನಗಲಾರರು. ಬಿದ್ದವನು ಎದ್ದು, ತನ್ನನ್ನು ಯಾರಾದರೂ ಕಂಡರೋ ಎಂದು ಸುತ್ತಲೂ ಕಣ್ಣಾಡಿಸುವನಲ್ಲ, ಅದನ್ನು ನೋಡಿದಾಗಲೇ ನಗು ಉಕ್ಕುವುದು. ಆ ಕಣ್ಣಿನ ಆಟವನ್ನು ಕಾಗದದ ಮೇಲೆ ಬರೆದಿಡುವ ಬಗೆ ಹೇಗೆ? ಇಟಲಿ ದೇಶದ ಕಾರ್ಲೊ ಗೋಲ್ಡೋನಿ ಎಂಬ ನಾಟಕಕಾರನಿಗೆ ಹದಿನೆಂಟನೆಯ ಶತಮಾನದಲ್ಲಿ ಒದಗಿದ ತೊಡಕು ಇದೇ. ಸುಮಾರು 265 ವರ್ಷಗಳ ತರುವಾಯ ಲಂಡನ್ ನಗರದಲ್ಲಿ, ಛಾಯಾಯಂತ್ರದ ಎದುರಿಗೆ, ಅದೇ ತೊಡಕು ಮತ್ತೆ ತಲೆಯೆತ್ತಿತು. ಈ ಎರಡನ್ನೂ ಕುರಿತು ವಾಚಕ ಮಹಾಶಯರೊಡನೆ ನಾಲ್ಕು ಮಾತನಾಡಬೇಕೆಂದಿರುವೆವು.

ಗೋಲ್ಡೋನಿಯು ವೆನಿಸ್ ನಗರದವನು. ಪೀಸಾ ಪಟ್ಟಣದಲ್ಲಿ ವಕೀಲಿ ವೃತ್ತಿಯನ್ನು ನಡೆಸುತ್ತಿದ್ದಾಗ, ಆಂಟೋನಿಯೊ ಸಾಕ್ಕಿ ಎಂಬ ಹೆಸರಾಂತ ಹಾಸ್ಯನಟನು ತನಗೊಂದು ನಾಟಕವನ್ನು ಮಾಡಿಕೊಡಬೇಕೆಂದು ಅವನನ್ನು ಕೇಳಿಕೊಂಡನು. ಹಾಗೆ ಹುಟ್ಟಿದುದೇ 'ಇಬ್ಬರು ಧಣಿಗಳ ಸೇವಕ' ಎಂಬ ಪ್ರಹಸನ. ಅಂದಿನ ಇಟಲಿಯ ನಟರು ಮಾತುಗಳನ್ನು ಬಾಯಿಪಾಠ ಮಾಡುತ್ತಿರಲಿಲ್ಲ. ಕಥೆಯ ಹಂದರವನ್ನಷ್ಟೇ ಅರಿತುಕೊಂಡು, ಮುಖವಾಡ ಧರಿಸಿ ರಂಗಕ್ಕೆ ಬಂದು, ಎದುರಿಗಿರುವ ಸಭೆಯನ್ನು ನೋಡಿಕೊಂಡು ಮಾತು ಕಟ್ಟುತ್ತಿದ್ದರು. ನಮ್ಮ ಯಕ್ಷಗಾನದ ಹಾಸ್ಯಗಾರನನ್ನು ಬಲ್ಲವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಗೋಲ್ಡೋನಿಯೂ ಮೊದಲು ಸಾಕ್ಕಿಗೆ ಕೊಟ್ಟುದು ಬಹುಮಟ್ಟಿಗೆ ಹಂದರವನ್ನೇ. ಉಳಿದುದೆಲ್ಲ ಆ ನಟನ ಬುದ್ಧಿಗೂ ಮೈಗೂ ಬಿಟ್ಟದ್ದು.

ಆದರೆ ಸಾಕ್ಕಿಯಂಥವರು ಎಷ್ಟು ಮಂದಿ? ಅವನ ಪಾತ್ರವನ್ನು ಅವನ ಚಾತುರ್ಯವಿಲ್ಲದವರೂ ಆಡತೊಡಗಿದಾಗ ಗೋಲ್ಡೋನಿಯು ನಾಟಕವನ್ನು ಮೊದಲಿನಿಂದ ಕೊನೆಯವರೆಗೂ ಮಾತು ಮಾತಾಗಿ ಬರೆದು, 1753ರಲ್ಲಿ ಅಚ್ಚು ಹಾಕಿಸಿದನು. ಸೇವಕನ ಪಾತ್ರ ವಹಿಸುವವರು ತಾವಾಗಿ ಏನನ್ನಾದರೂ ಸೇರಿಸುವುದಾದರೆ ಹೊಲಸು ಮಾತುಗಳನ್ನು ಮಾತ್ರ ದೂರವಿಡಬೇಕೆಂದು ಅಲ್ಲಿ ಬೇಡಿಕೊಂಡಿರುವನು. ಹರಿಯುವ ನೀರಿಗೆ ಹೀಗೆ ಕಟ್ಟೆ ಹಾಕಿದ್ದಾಯಿತು. ಲಾಭವೂ ಆಯಿತು, ನಷ್ಟವೂ ಆಯಿತು. ನಾಟಕವು ನಮ್ಮ ಕೈಗೆ ಉಳಿದು ಬಂದಿತು. ಸಾಕ್ಕಿಯು ಮಾತ್ರ ಉಳಿಯಲಿಲ್ಲ. ಹಸಿದ ಸೇವಕನು ಕಾಗದಕ್ಕೆ ಮುದ್ರೆ ಒತ್ತಲು ರೊಟ್ಟಿಯ ಚೂರನ್ನು ಅಗಿದು ಮೆತ್ತಗೆ ಮಾಡಹೋಗಿ, ತಡೆಯಲಾರದೆ ಅದನ್ನು ನುಂಗಿಬಿಡುವನೆಂದು ಪುಸ್ತಕದಲ್ಲಿದೆ. ಆ ನುಂಗುವಿಕೆಯಲ್ಲಿ ಸಾಕ್ಕಿಯ ಮುಖ ಹೇಗಿದ್ದಿತೆಂಬುದನ್ನು ಇನ್ನು ಯಾರೂ ಹೇಳಲಾರರು.

ಈಗ ಲಂಡನ್ನಿಗೆ ಬರೋಣ. 2011ರಲ್ಲಿ ಅಲ್ಲಿಯ ನ್ಯಾಷನಲ್ ಥಿಯೇಟರಿನವರು ಈ ಪ್ರಹಸನವನ್ನು ರಿಚರ್ಡ್ ಬೀನ್ ಎಂಬ ಲೇಖಕನಿಂದ ಹೊಸದಾಗಿ ಬರೆಯಿಸಿ, 'ಒನ್ ಮ್ಯಾನ್, ಟೂ ಗವ್ನರ್ಸ್' ಎಂಬ ಹೆಸರಿನಿಂದ ಆಡಿದರು. ನಿರ್ದೇಶಕನು ನಿಕೊಲಸ್ ಹೈಟ್ನರ್. ಬೀಳುವ, ಏಳುವ, ಹೊಡೆದಾಡುವ ಚೇಷ್ಟೆಗಳನ್ನು ಕಲಿಸಲೆಂದೇ ಕ್ಯಾಲ್ ಮೆಕ್‌ಕ್ರಿಸ್ಟಲ್ ಎಂಬ ಬೇರೊಬ್ಬ ಗುರು. ವೆನಿಸ್ ನಗರವು 1963ರ ಬ್ರೈಟನ್ ಎಂಬ ಕಡಲತೀರದ ಊರಾಯಿತು, ವರ್ತಕರು ಪುಂಡರಾದರು. ಕಥೆ ಮಾತ್ರ ಹಳೆಯದೇ. ಸತ್ತ ಅಣ್ಣನ ವೇಷ ತೊಟ್ಟು, ಅವನಿಗೆ ಬರಬೇಕಾದ ಹಣವನ್ನು ವಸೂಲು ಮಾಡಲು ಬಂದ ಹೆಣ್ಣೊಬ್ಬಳು. ಆ ಅಣ್ಣನನ್ನು ಕೊಂದು ತಲೆಮರೆಸಿಕೊಂಡಿರುವ ಅವಳ ಪ್ರಿಯಕರ. ಒಬ್ಬರ ಸುಳಿವು ಒಬ್ಬರಿಗಿಲ್ಲ. ಇಬ್ಬರೂ ಇಳಿದುಕೊಂಡಿರುವುದು ಒಂದೇ ಪಾನಗೃಹದಲ್ಲಿ. ಇಬ್ಬರೂ ಇಟ್ಟುಕೊಂಡಿರುವ ಆಳು ಒಬ್ಬನೇ. ಆ ಆಳಿಗೆ ಇರುವುದು ಒಂದೇ ಚಿಂತೆ, ಹೊಟ್ಟೆಗೇನು? ಸಂಸ್ಕೃತ ನಾಟಕಗಳ ವಿದೂಷಕನೂ ಹೀಗೆಯೇ, ರಾಜನ ವಿರಹದ ನಡುವೆ ಮೋದಕವನ್ನು ನೆನೆಯುವವನು. ವಸಂತಕನನ್ನೂ ಮೈತ್ರೇಯನನ್ನೂ ಮಕ್ಕಳಿಗೆ ಪಾಠ ಹೇಳಿದ ನಮಗೆ ಈ ಬ್ರೈಟನ್ನಿನ ಆಳು ಹಳೆಯ ನಂಟನಂತೆಯೇ ಕಂಡನು. ಭರತಮುನಿಯು ಹಾಸ್ಯದ ವಿಭಾವಗಳನ್ನು ಎಣಿಸುವಾಗ ವಿಕೃತ ವೇಷದೊಡನೆ ಲೌಲ್ಯವನ್ನೂ, ಎಂದರೆ ಆಸೆಬುರುಕತನವನ್ನೂ ಸೇರಿಸಿರುವುದು ಸುಮ್ಮನೆ ಅಲ್ಲ.

ಆಳಾಗಿ ಆಡಿದವನು ಜೇಮ್ಸ್ ಕಾರ್ಡನ್. ತುಂಬಿದ ಮೈಯವನು, ಆದರೂ ಕಡಲೆಬೀಜವೊಂದನ್ನು ಮೇಲಕ್ಕೆಸೆದು ಬಾಯಲ್ಲಿ ಹಿಡಿಯಹೋಗಿ, ದೊಡ್ಡ ಕುರ್ಚಿಯೊಡನೆ ಹಿಂದಕ್ಕೆ ಮಗುಚಿ ಬೀಳುವ ಲಾಘವವನ್ನು ನೋಡಿಯೇ ನಂಬಬೇಕು. ಇನ್ನೊಂದೆಡೆ ಇವನ ಮನಸ್ಸು ಎರಡಾಗಿ, ತನ್ನೊಡನೆ ತಾನೇ ವಾದಕ್ಕಿಳಿದು, ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡು, ಕೊನೆಗೆ ಕಸದ ಡಬ್ಬಿಯ ಮುಚ್ಚಳದಿಂದ ತನ್ನನ್ನೇ ಬಡಿದುಕೊಳ್ಳುವನು. ಈ ಪಾತ್ರಕ್ಕಾಗಿ ಅಮೆರಿಕದಲ್ಲಿ 2012ರ ಟೋನಿ ಪ್ರಶಸ್ತಿಯೂ ಅವನಿಗೆ ಲಭಿಸಿತು. ದೃಶ್ಯ ದೃಶ್ಯಗಳ ನಡುವೆ ನಾಲ್ವರ ವಾದ್ಯಗೋಷ್ಠಿಯೊಂದು ಅಂದಿನ ಕಾಲದ ಲಘುಗೀತೆಗಳ ಧಾಟಿಯಲ್ಲಿ ಹಾಡುವುದು. ಬಟ್ಟೆಯೊಗೆಯುವ ತಗಡಿನ ಹಲಗೆಯೂ ಅವರಿಗೆ ವಾದ್ಯವೇ.

ನಾಟಕದ ಹೃದಯವಿರುವುದು ಊಟದ ದೃಶ್ಯದಲ್ಲಿ. ಎರಡು ಕಡೆಗೆ ಎರಡು ಕೊಠಡಿಗಳು, ಒಂದೊಂದರಲ್ಲಿ ಒಬ್ಬೊಬ್ಬ ಧಣಿ. ನಡುವೆ ನಿಂತು ಇಬ್ಬರಿಗೂ ಏಕಕಾಲದಲ್ಲಿ ಬಡಿಸಬೇಕು. ಒಬ್ಬರಿರುವುದು ಇನ್ನೊಬ್ಬರಿಗೆ ತಿಳಿಯಕೂಡದು. ತನಗೂ ಒಂದಿಷ್ಟು ಕದ್ದಿಡಬೇಕು. ಇದು ಸಾಲದೆಂಬಂತೆ, ಎಂಬತ್ತು ದಾಟಿದ, ಎದೆಯಲ್ಲಿ ಯಂತ್ರ ಇಡಿಸಿಕೊಂಡಿರುವ, ಕೈಕಾಲು ನಡುಗುವ ಪರಿಚಾರಕನೊಬ್ಬನು ತಟ್ಟೆಗಳನ್ನು ತರುವನು. ಅವನು ಮೆಟ್ಟಿಲುಗಳಿಂದ ಉರುಳುವನು, ಬಾಗಿಲಿನ ಪೆಟ್ಟು ತಿನ್ನುವನು, ಎದೆಯ ಯಂತ್ರವನ್ನು ಯಾರೋ ತಿರುಗಿಸಿದೊಡನೆ ಬಾಣದಂತೆ ಓಡುವನು. ಅರುವತ್ತರ ಹೊಸ್ತಿಲಿನಲ್ಲಿರುವ ನಾವು ಇಲ್ಲಿ ನಗಬಹುದೇ ಎಂದು ಒಂದು ಕ್ಷಣ ಹಿಂಜರಿದೆವು. ವ್ಯಂಗದರ್ಶನ, ಎಂದರೆ ಅಂಗವಿಕಾರವನ್ನು ಕಾಣುವುದೂ ಹಾಸ್ಯದ ವಿಭಾವವೆಂದು ಶಾಸ್ತ್ರವೇನೋ ಹೇಳುವುದು. ಆದರೆ ಮನಸ್ಸು ಎಲ್ಲ ಕಡೆಯೂ ಶಾಸ್ತ್ರವನ್ನು ಕೇಳುವುದಿಲ್ಲ. ಮುದುಕನಾದ ಟಾಮ್ ಎಡನ್ ನಿಜವಾಗಿ ಮುದುಕನಲ್ಲ, ಗಟ್ಟಿಮುಟ್ಟಾದ ನಟನೆಂದು ತಿಳಿದಿದ್ದುದರಿಂದ ನಕ್ಕೆವು. ಇಟಲಿಯಲ್ಲಿ ಇದರ ವಿಪರ್ಯಯವೂ ನಡೆದಿದೆ. ಮಿಲಾನ್ ನಗರದ ಪಿಕ್ಕೊಲೊ ಥಿಯೇಟರಿನಲ್ಲಿ 1947ರಿಂದ ಆಡುತ್ತ ಬಂದ ಇದೇ ನಾಟಕದಲ್ಲಿ ಫೆರುಚ್ಚೊ ಸೊಲೇರಿ ಎಂಬ ನಟನು ಮುಖವಾಡದ ಮರೆಯಲ್ಲಿ ಹರೆಯದ ಸೇವಕನಾಗಿ, ತನಗೆ ಎಂಬತ್ತು ತುಂಬಿ ಎಷ್ಟೋ ವರ್ಷಗಳಾದ ಮೇಲೂ, 2018ರವರೆಗೆ ರಂಗದ ಮೇಲೆ ಕುಣಿದನು.

ಇನ್ನು ಛಾಯಾಯಂತ್ರದ ಮಾತು. ನ್ಯಾಷನಲ್ ಥಿಯೇಟರಿನವರು ತಮ್ಮ ನಾಟಕಗಳನ್ನು, ಸಭೆಯ ಮುಂದೆ ಆಡುತ್ತಿರುವಾಗಲೇ ಚಿತ್ರಿಸಿ ದೂರದೂರದ ಚಿತ್ರಮಂದಿರಗಳಲ್ಲಿ ತೋರಿಸುವ ಪದ್ಧತಿಯನ್ನು 2009ರಲ್ಲಿ ಪ್ರಾರಂಭಿಸಿದರು. ಈ ಪ್ರಹಸನವನ್ನು ಹಾಗೆ ಪ್ರಸಾರ ಮಾಡಿದುದು 2011ರ ಸೆಪ್ಟೆಂಬರಿನಲ್ಲಿ. ಇದು ಸ್ಟುಡಿಯೋದಲ್ಲಿ ತುಂಡುತುಂಡಾಗಿ ತೆಗೆದು ಜೋಡಿಸಿದ ಚಲಚ್ಚಿತ್ರವಲ್ಲ. ಸಭೆಯೂ ಚಿತ್ರದಲ್ಲಿ ಒಂದು ಪಾತ್ರ. ಹಸಿದ ಆಳು ಸಭೆಯ ಕಡೆಗೆ ತಿರುಗಿ, ಯಾರಲ್ಲಾದರೂ ಸ್ಯಾಂಡ್‌ವಿಚ್ ಇದೆಯೇ ಎಂದು ಕೇಳುವನು. ಇದೆಯೆಂದು ಒಂದು ದನಿ ಬರುವುದು. ಅದರಲ್ಲಿರುವುದು ಹಮ್ಮಸ್, ಎಂದರೆ ಕಾಬೂಲಿ ಕಡಲೆಯನ್ನು ಅರೆದ ಚಟ್ನಿಯಂಥ ಪದಾರ್ಥ, ಎಂದು ತಿಳಿದೊಡನೆ ಕಾರ್ಡನ್ನನಿಗೇ ನಗು ತಡೆಯಲಾಗದೆ ನಾಟಕ ನಿಂತುಹೋಗುವುದು! ಊಟದ ದೃಶ್ಯದಲ್ಲಿ ಅವನು ಸಭೆಯಿಂದ ನಾಚಿಕೆಯ ಹೆಂಗಸೊಬ್ಬಳನ್ನು ರಂಗಕ್ಕೆ ಕರೆತಂದು, ಕದ್ದ ಅಡಿಗೆಯನ್ನು ಅವಳಿಂದ ಬಚ್ಚಿಡಿಸುವನು. ಕೊನೆಗೆ ಬೆಂಕಿಯ ಗಲಿಬಿಲಿಯಲ್ಲಿ ಆ ಪಾಪದ ಹೆಂಗಸು ನೀರಿನಿಂದಲೂ ನೊರೆಯಿಂದಲೂ ತೊಯ್ದುಹೋಗುವಳು. ಸಭೆಯೆಲ್ಲ ನಗುವಿನ ನಡುವೆಯೇ 'ಅಯ್ಯೋ' ಎನ್ನುವುದು ಚಿತ್ರದಲ್ಲಿ ಸ್ಪಷ್ಟವಾಗಿ ಕೇಳಿಸುವುದು. ಅವಳೂ ನಟಿಯೇ ಎಂಬುದನ್ನು ಇಲ್ಲಿ ಬಯಲು ಮಾಡುತ್ತಿರುವುದಕ್ಕಾಗಿ ವಾಚಕರು ಕ್ಷಮಿಸಬೇಕು. ಅದಿಲ್ಲದೆ ನಮ್ಮ ವಾದ ಮುಂದುವರಿಯದು. ಮೊದಲನೆಯ ಸಲ ನಾವೂ ನಂಬಿ ಮರುಗಿದೆವು. ಎರಡನೆಯ ಸಲ ನಮ್ಮ ಕಣ್ಣು ಅವಳ ಮೇಲಿರಲಿಲ್ಲ. ಮುಂದಿನ ಸಾಲುಗಳಲ್ಲಿ ನಂಬಿ ಕುಳಿತಿದ್ದವರ ಮೇಲೆ ಇದ್ದಿತು. ನಗು ಮೊದಲಿಗಿಂತ ಹೆಚ್ಚಾಯಿತು.

ಹಾಸ್ಯವು ಆತ್ಮಸ್ಥ, ಪರಸ್ಥ ಎಂದು ಎರಡು ಬಗೆ: ತಾನೇ ನಗುವುದೊಂದು, ಇನ್ನೊಬ್ಬರನ್ನು ನಗಿಸುವುದೊಂದು. ಹುಣಿಸೆಹಣ್ಣನ್ನು ತಿನ್ನುವವನನ್ನು ನೋಡಿದರೆ ನೋಡುವವನ ಬಾಯಲ್ಲಿಯೂ ನೀರೂರುವಂತೆ, ನಗುವು ಒಬ್ಬರಿಂದೊಬ್ಬರಿಗೆ ಹಬ್ಬುವುದು. ಸಭೆಯಿಲ್ಲದೆ ತೆಗೆದ ನಾಟಕಚಿತ್ರಗಳು ಮನೆಯಲ್ಲಿ ಸಪ್ಪೆಯಾಗುವುದಕ್ಕೂ, ಇದು ಹಾಗಾಗದಿರುವುದಕ್ಕೂ ಕಾರಣ ಇದೇ ಎಂದು ನಮಗೆ ತೋರುವುದು. ಆದರೂ ಛಾಯಾಯಂತ್ರವು ನಮ್ಮ ಕಣ್ಣಿಗೆ ಮೂಗುದಾರ ಹಾಕುವುದು ಸುಳ್ಳಲ್ಲ. ಮುದುಕನು ಮೆಟ್ಟಿಲಿನ ಬಳಿ ಏನು ಮಾಡುತ್ತಿರುವನೋ ನೋಡೋಣವೆಂದರೆ, ಅದು ಕಾರ್ಡನ್ನನ ಮುಖವನ್ನು ಹತ್ತಿರಕ್ಕೆ ತಂದು ನಿಲ್ಲಿಸುವುದು. ಸಭೆಯಲ್ಲಿ ಕುಳಿತವನಿಗೆ ಈ ಬಂಧನವಿಲ್ಲ.

ಉತ್ತರಾರ್ಧದಲ್ಲಿ ಊಟ ಮುಗಿದ ಮನೆಯಂತೆ ಸ್ವಲ್ಪ ಬಿಕೋ ಎನ್ನುವುದನ್ನೂ ಹೇಳಬೇಕು. ಆಳಿಗೆ ಹೊಟ್ಟೆ ತುಂಬಿದ ಮೇಲೆ ಅವನನ್ನು ಓಡಿಸುವ ಶಕ್ತಿಯೇ ಇಲ್ಲವಾಗಿ, ಲೇಖಕನು ಪ್ರಣಯವನ್ನು ತಂದು ತೇಪೆ ಹಾಕಿರುವನು. ಶ್ಲೀಲದ ಗೆರೆ ದಾಟುವ ಮಾತುಗಳೂ ಅಲ್ಲಲ್ಲಿ ಇವೆ. ಗೋಲ್ಡೋನಿಯ ಬೇಡಿಕೆಯನ್ನು ಈತನು ಅಷ್ಟಾಗಿ ಮನಸ್ಸಿಗೆ ತಂದುಕೊಂಡಂತಿಲ್ಲ. ಎಳೆಯ ಮಕ್ಕಳೊಡನೆ ನೋಡುವ ತಾಯಂದಿರು ಮೊದಲು ತಾವು ನೋಡಿಕೊಳ್ಳುವುದೊಳ್ಳೆಯದು.

2020ರ ಮಾರ್ಚಿಯಲ್ಲಿ ಕೊರೋನಾ ವ್ಯಾಧಿಯ ದೆಸೆಯಿಂದ ಲಂಡನ್ನಿನ ನಾಟಕಶಾಲೆಗಳೆಲ್ಲ ಬಾಗಿಲು ಮುಚ್ಚಿದವು. ನಟರಿಗೆ ಕೆಲಸವಿಲ್ಲ, ಜನರಿಗೆ ಮನೆಯ ಹೊಸ್ತಿಲು ದಾಟುವ ಹಾಗಿಲ್ಲ. ಆಗ ನ್ಯಾಷನಲ್ ಥಿಯೇಟರಿನವರು ತಮ್ಮ ಬಳಿಯಿದ್ದ ಚಿತ್ರಗಳಲ್ಲಿ ಮೊಟ್ಟಮೊದಲು ಹೊರತೆಗೆದುದು ಈ ಪ್ರಹಸನವನ್ನೇ. ಏಪ್ರಿಲ್ 2ನೆಯ ತಾರೀಖು, ಅಲ್ಲಿಯ ಸಂಜೆ 7 ಗಂಟೆಗೆ, ನಮ್ಮ ಗಡಿಯಾರದಲ್ಲಿ ರಾತ್ರಿ 11-30ಕ್ಕೆ, ಯೂಟ್ಯೂಬಿನಲ್ಲಿ ಹಣವಿಲ್ಲದೆ ಯಾರು ಬೇಕಾದರೂ ನೋಡಬಹುದೆಂದು ಅದನ್ನು ತೆರೆದಿಟ್ಟರು. ಲಕ್ಷಾಂತರ ಜನರು ತಮ್ಮ ತಮ್ಮ ಮನೆಗಳಲ್ಲಿ ಕುಳಿತು ನೋಡಿದರು. ಪಕ್ಕದ ಮನೆಯವರ ಬಳಿ ಕೂಡಲೂ ಹೆದರುವ ಆ ದಿನಗಳಲ್ಲಿ, ಒಂಬತ್ತು ವರ್ಷಗಳ ಹಿಂದಿನ ಸಭೆಯೊಂದು ಭುಜಕ್ಕೆ ಭುಜ ತಗಲಿಸಿಕೊಂಡು ಕುಳಿತು, ತೊಯ್ದ ಹೆಂಗಸಿಗಾಗಿ ಅಯ್ಯೋ ಎನ್ನುತ್ತ, ಹಮ್ಮಸಿಗಾಗಿ ಹೊಟ್ಟೆ ಹಿಡಿದು ನಗುತ್ತ ಇದ್ದಿತು. ನೋಡುವವರು ಅವರೊಡನೆ ಸೇರಿ ನಕ್ಕರು. ಏಳು ದಿನಗಳಾದ ಬಳಿಕ ಅದನ್ನು ಮುಚ್ಚಿ, ಆ ಸ್ಥಳದಲ್ಲಿ 'ಜೇನ್ ಐರ್' ನಾಟಕವನ್ನು ಇಟ್ಟರು.