ಮಗುಚಿದ ದೋಣಿಯವನ ಸ್ವೆಟರು

ಡಿಸೆಂಬರ್ ಹೊಕ್ಕಿತೆಂದರೆ ಜೀವನ್ ಬಿಮಾ ನಗರದ ಹಾಲಿನ ಬೂತುಗಳ ಮುಂದೆ ಮಂಕಿ ಕ್ಯಾಪುಗಳು ಸಾಲುಗಟ್ಟುತ್ತವೆ. ಬೆಳಗಿನ 15 ಡಿಗ್ರಿಗೇ ನಮಗೆ ಸ್ವೆಟರು, ಮಫ್ಲರು, ಮೇಲೊಂದು ‘ಏನ್ರೀ ಈ ಚಳಿ’. ಇದೇ ಬಡಾವಣೆಯಲ್ಲಿ ಕಿವಿಗೆ ಹತ್ತಿ ತುರುಕಿಸಿಕೊಂಡು ಬೆಳೆದ ನನ್ನ ತಂಗಿಯ ಮಗ ಓದಲೆಂದು ಇಂಗ್ಲೆಂಡಿನ ಸೌತಾಂಪ್ಟನ್‌ಗೆ ಹೋದವನು, ಅಲ್ಲಿ ಜನವರಿಯ ಸಮುದ್ರದಲ್ಲಿ ಡಿಂಗಿ ನಡೆಸುವ ಗೀಳು ಹಚ್ಚಿಕೊಂಡ. ಒಂದು ರಾತ್ರಿ ಫೋನು: ‘ಮಾವ, ವೆಟ್‌ಸೂಟ್ ತಗೊಳ್ಳಲೋ, ಡ್ರೈಸೂಟ್ ತಗೊಳ್ಳಲೋ? ಡ್ರೈಸೂಟಿಗೆ ದುಡ್ಡು ಎರಡು ಮೂರು ಪಟ್ಟು.’ ನಾನು ಭೌತಶಾಸ್ತ್ರದ ಮೇಷ್ಟ್ರಾಗಿದ್ದವನು, ನನಗೆ ಈಜು ಕೂಡ ಬಾರದು. ಆದರೆ ಅವನು ಕೇಳಿದ್ದು ಈಜಿನ ಪ್ರಶ್ನೆಯಲ್ಲ, ಶಾಖದ್ದು.

ಡಿಂಗಿ ಎಂದರೆ ಒಬ್ಬರೋ ಇಬ್ಬರೋ ಕೂರುವ ಪುಟ್ಟ ಹಾಯಿದೋಣಿ. ಪದ ಇಂಗ್ಲಿಷಿಗೆ ಹೋದದ್ದು ನಮ್ಮ ದೇಶದಿಂದಲೇ, ಬಂಗಾಳಿ ಮತ್ತು ಹಿಂದಿಯ ಪುಟ್ಟ ದೋಣಿಯ ಹೆಸರು ಅದು. ದೊಡ್ಡ ಹಾಯಿನೌಕೆಯ ತಳದಲ್ಲಿ ಅದನ್ನು ನೆಟ್ಟಗೆ ನಿಲ್ಲಿಸುವ ಭಾರದ ಕೀಲ್ ಇರುತ್ತದೆ. ಡಿಂಗಿಗೆ ಆ ಭಾರವೂ ನಾವಿಕನೇ. ಗಾಳಿ ಜೋರಾದಂತೆ ಆತ ಅಂಚಿನಾಚೆಗೆ ಬೆನ್ನು ಚಾಚಿ ತೂಗಬೇಕು. ಲೆಕ್ಕ ಒಂದಿಷ್ಟು ತಪ್ಪಿದರೆ ದೋಣಿ ಮಗುಚುತ್ತದೆ, ಮತ್ತೆ ಎತ್ತಿ ನಿಲ್ಲಿಸಿ ಹೊರಡಬೇಕು. ಈ ಆಟದಲ್ಲಿ ನೀರಿಗೆ ಬೀಳುವುದು ಅಪಘಾತವಲ್ಲ, ದಿನಚರಿ.

ಬಿದ್ದರೆ ಏನಾಗುತ್ತದೆ? ನೀರು ಗಾಳಿಗಿಂತ ಸುಮಾರು 24 ಪಟ್ಟು ಸಲೀಸಾಗಿ ಶಾಖ ಸಾಗಿಸುತ್ತದೆ. 25 ಡಿಗ್ರಿ ಗಾಳಿಯಲ್ಲಿ ಬನಿಯನ್ ಹಾಕಿಕೊಂಡು ಪೇಪರ್ ಓದಬಹುದು. ಅದೇ 25 ಡಿಗ್ರಿಯ ನೀರಿನಲ್ಲಿ ಅಲುಗಾಡದೆ ಬಹಳ ಹೊತ್ತು ಕೂತರೆ ನಡುಕ ಶುರು. ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ ಫೆಬ್ರವರಿಯ ಸಮುದ್ರ 8 ಡಿಗ್ರಿಯ ಆಸುಪಾಸು ಇರುತ್ತದೆ. ಅಂಥ ನೀರಿನಲ್ಲಿ ಮೊದಲು ಕೊಲ್ಲಲು ಬರುವುದು ಮೈ ತಣ್ಣಗಾಗುವುದಲ್ಲ, ಉಸಿರು. ಚರ್ಮಕ್ಕೆ ತಟ್ಟನೆ ಚಳಿ ಬಡಿದಾಗ ಬಾಯಿ ತನ್ನಷ್ಟಕ್ಕೆ ತೆರೆದು ಗಾಳಿ ಸೆಳೆಯುತ್ತದೆ, ಆಮೇಲೆ ಏದುಸಿರು, ಬೇಡವೆಂದರೂ ನಿಲ್ಲದು. ಆ ಗಳಿಗೆಯಲ್ಲಿ ತಲೆ ನೀರೊಳಗಿದ್ದರೆ ಕಥೆ ಮುಗಿಯಿತು. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್, ತಣ್ಣೀರಿನ ಮಡುವಿಗೆ ತಾನೇ ಇಳಿದು ಪರೀಕ್ಷಿಸಿಕೊಂಡ ವಿಜ್ಞಾನಿ. ಆತ ಇದನ್ನು ‘ಒಂದು-ಹತ್ತು-ಒಂದು’ ಎಂಬ ಸೂತ್ರಕ್ಕೆ ಇಳಿಸಿದ್ದಾನೆ. ಹಿಮದಷ್ಟು ತಣ್ಣಗಿನ ನೀರಿನಲ್ಲಿ ಉಸಿರು ಹತೋಟಿಗೆ ಬರಲು 1 ನಿಮಿಷ, ಕೈಕಾಲು ಮಾತು ಕೇಳುವುದು 10 ನಿಮಿಷ, ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ. ಹತ್ತೇ ನಿಮಿಷದಲ್ಲಿ ಬೆರಳು ಸೆಟೆದುಕೊಂಡರೆ ಮಗುಚಿದ ದೋಣಿಯನ್ನು ಎತ್ತುವವರಾರು?

ಈಗ ವೆಟ್‌ಸೂಟ್. ಇದನ್ನು 1950ರ ದಶಕದ ಆರಂಭದಲ್ಲಿ ರೂಪಿಸಿದ್ದು ಕ್ಯಾಲಿಫೋರ್ನಿಯಾದ ಹ್ಯೂ ಬ್ರಾಡ್ನರ್, ಅಣುಬಾಂಬ್ ಯೋಜನೆಯಲ್ಲಿ ದುಡಿದಿದ್ದ ಭೌತವಿಜ್ಞಾನಿ. ಮುಳುಗುಗಾರನ ಮೈ ಬೆಚ್ಚಗಿರಲು ಅದು ಒಣಗಿರಲೇಬೇಕೆಂದು ಎಲ್ಲರೂ ನಂಬಿದ್ದ ಕಾಲದಲ್ಲಿ, ಒದ್ದೆಯಾದರೂ ಪರವಾಗಿಲ್ಲ, ಬಟ್ಟೆಯ ಒಳಗೇ ಗಾಳಿ ಸೆರೆಯಾಗಿದ್ದರೆ ಸಾಕು ಎಂದು ಅವನಿಗೆ ಹೊಳೆಯಿತು. ‘ಒಳಗೆ ನುಗ್ಗಿದ ನೀರು ಮೈಶಾಖಕ್ಕೆ ಬಿಸಿಯಾಗಿ ನಮ್ಮನ್ನು ಬೆಚ್ಚಗಿಡುತ್ತದೆ’ ಎಂದು ಅಂಗಡಿಯವರು ಇಂದಿಗೂ ಹೇಳುತ್ತಾರೆ. ನೀರು ಯಾರನ್ನೂ ಬೆಚ್ಚಗಿಡುವುದಿಲ್ಲ. ಕೆಲಸ ಮಾಡುವುದು ನಿಯೋಪ್ರೀನ್ ರಬ್ಬರಿನೊಳಗಿನ ಲಕ್ಷಾಂತರ ಅನಿಲದ ಗುಳ್ಳೆಗಳು. ಸೆಟ್ ದೋಸೆಯ ತೂತುಗಳು ಒಂದಕ್ಕೊಂದು ತೆರೆದಿರುವುದರಿಂದ ಸಾಗು ಹೀರುತ್ತವೆ. ನಿಯೋಪ್ರೀನಿನ ತೂತುಗಳು ಒಂದೊಂದೂ ಬಾಯಿ ಹೊಲಿದ ಚೀಲ, ನೀರು ಒಳಗೆ ಹೋಗದು.

ಒಳನುಗ್ಗುವ ನೀರು ಲಾಭವಲ್ಲ, ನಾವು ಕಟ್ಟುವ ಸುಂಕ. ಲೆಕ್ಕ ಹಾಕಿದೆ. ವಯಸ್ಕನ ಮೈಯ ಹೊರಮೈ ಸುಮಾರು 1.7 ಚದರ ಮೀಟರ್. ಸೂಟಿನೊಳಗೆ ಎಲ್ಲೆಡೆ 1 ಮಿ.ಮೀ. ನೀರು ನಿಂತರೆ 1.7 ಲೀಟರ್. ಅದನ್ನು 8ರಿಂದ 30 ಡಿಗ್ರಿಗೆ ಏರಿಸಲು ಸುಮಾರು 156 ಕಿಲೋಜೂಲ್ ಬೇಕು. ಸುಮ್ಮನೆ ಕೂತ ಮನುಷ್ಯನ ಮೈ ಸೆಕೆಂಡಿಗೆ ಸುಮಾರು 100 ಜೂಲ್ ಶಾಖ ಹುಟ್ಟಿಸುತ್ತದೆ. ಅಂದರೆ ಇದು 26 ನಿಮಿಷದ ಇಡೀ ದುಡಿಮೆ. ಸೂಟು ಸಡಿಲವಾಗಿದ್ದರೆ ಪ್ರತಿ ಬಾರಿ ಮಗುಚಿದಾಗಲೂ ಆ ಬೆಚ್ಚಗಿನ ನೀರು ಹೊರಗೆ, ತಣ್ಣೀರು ಒಳಗೆ, ಸುಂಕ ಮತ್ತೆ ಮೊದಲಿಂದ. ಅದಕ್ಕೇ ವೆಟ್‌ಸೂಟ್ ಎರಡನೇ ಚರ್ಮದಂತೆ ಕಚ್ಚಿಕೊಂಡಿರಬೇಕು. ಕಾಲಿಗೆ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ತೂರಿಸಿದರೆ ಬೇಗ ಏರುತ್ತದಂತೆ.

ಡ್ರೈಸೂಟಿನ ದಾರಿ ಬೇರೆ. ಅದು ನೀರು ಬಿಡದ ತೆಳ್ಳನೆಯ ಬಟ್ಟೆ, ಕತ್ತಿಗೂ ಮಣಿಕಟ್ಟಿಗೂ ಲೇಟೆಕ್ಸ್ ಸೀಲು, ನೀರು ನುಗ್ಗದ ಜಿಪ್ಪು. ಅದಕ್ಕೆ ಸ್ವಂತ ಬಿಸಿಯಿಲ್ಲ, ಒಳಗೆ ತೊಟ್ಟ ಬಟ್ಟೆಯೇ ಬೆಚ್ಚಗಿಡಬೇಕು. ಮನೆಯಲ್ಲೇ ಇದನ್ನು ನೋಡಬಹುದು. ಬಕೆಟ್ ನೀರಿಗೆ ಎರಡು ಟ್ರೇ ಐಸ್ ಹಾಕಿ. ಒಂದು ಕೈಗೆ ಬರೀ ಪಾಲಿಥೀನ್ ಕವರ್, ಇನ್ನೊಂದಕ್ಕೆ ಉಣ್ಣೆಯ ಕಾಲುಚೀಲ ತೊಡಿಸಿ ಅದರ ಮೇಲೆ ಕವರ್. ಎರಡನ್ನೂ ಮುಳುಗಿಸಿ. ಬರೀ ಕವರಿನ ಕೈ ಒಣಗಿಯೇ ಇರುತ್ತದೆ, ಆದರೆ ಅರ್ಧ ನಿಮಿಷದಲ್ಲಿ ಬೆರಳು ಕೊರೆಯುತ್ತದೆ. ಕಾಲುಚೀಲದ ಕೈ ಆರಾಮಾಗಿರುತ್ತದೆ. ಆಗ ಇನ್ನೊಂದನ್ನೂ ಗಮನಿಸಿ: ನೀರಿನ ಒತ್ತಡಕ್ಕೆ ಕವರ್ ಕೈಗೆ ಅಪ್ಪಿಕೊಂಡು ಒಳಗಿನ ಗಾಳಿ ಸರ್ರನೆ ಮೇಲಕ್ಕೆ ಏರುತ್ತದೆ. ಡ್ರೈಸೂಟಿನಲ್ಲೂ ಹಾಗೇ ಆಗುತ್ತದೆ. ನೀರಿಗಿಳಿಯುವ ಮುಂಚೆ ಕುಕ್ಕರಗಾಲಲ್ಲಿ ಕೂತು, ಕತ್ತಿನ ಸೀಲನ್ನು ಬೆರಳಿಂದ ಒಂಚೂರು ಸರಿಸಿ, ಹೆಚ್ಚಿನ ಗಾಳಿಯನ್ನು ‘ಪುಸ್’ ಎಂದು ಹೊರಬಿಡುವುದು ವಾಡಿಕೆ. ನಾವಿಕರು ಇದಕ್ಕೆ ತೇಗುವುದು ಎನ್ನುತ್ತಾರೆ.

ಇಷ್ಟಾಗಿ ಡ್ರೈಸೂಟಿಗೂ ಶತ್ರುವಿದೆ, ಬೆವರು. ಅಂಚಿನಾಚೆ ತೂಗಿ ಹೊಟ್ಟೆಯ ಸ್ನಾಯು ಉರಿಯುವಾಗ ಮೈ ತೊಪ್ಪೆಯಾಗುತ್ತದೆ. ಉಸಿರಾಡುವ ಬಟ್ಟೆಯಾದರೆ ಆವಿಯನ್ನು ಹೊರಬಿಡುತ್ತದೆ, ಆದರೆ ನಿಧಾನಕ್ಕೆ. ಒಳಗೆ ಹತ್ತಿಯ ಬನಿಯನ್ ಇದ್ದರಂತೂ ಅದು ಬೆವರನ್ನು ಹಿಡಿದಿಟ್ಟುಕೊಂಡು ಮೈಗೆ ತಣ್ಣೀರು ಪಟ್ಟಿ ಕಟ್ಟಿದಂತೆ ಕೂರುತ್ತದೆ. ಇನ್ನೊಂದು ಮಾತು: ವೆಟ್‌ಸೂಟ್ ಹರಿದರೂ ಕೈಬಿಡುವುದಿಲ್ಲ, ಉಳಿದ ಗುಳ್ಳೆಗಳು ಕೆಲಸ ಮಾಡುತ್ತಲೇ ಇರುತ್ತವೆ. ಡ್ರೈಸೂಟಿನ ಸೀಲು ಹರಿದರೆ ಒಳಗಿನ ಉಣ್ಣೆ ನೆನೆದು ಎಲ್ಲ ಒಮ್ಮೆಲೇ ಕೈಕೊಡುತ್ತದೆ. ಆ ಗುಣಕ್ಕೆ ನನಗೆ ವೆಟ್‌ಸೂಟಿನ ಮೇಲೇ ಒಲವು. ಆದರೆ 8 ಡಿಗ್ರಿ ನೀರು ನನ್ನ ಒಲವನ್ನು ಕೇಳುವುದಿಲ್ಲವಲ್ಲ.

ಬ್ರಿಟನ್ನಿನ ನಾವಿಕರು ಹೊಸಬರಿಗೆ ಹೇಳಿಕೊಡುವ ಮೊದಲ ಪಾಠ, ಗಾಳಿಯನ್ನಲ್ಲ, ನೀರನ್ನು ನೋಡಿ ಉಡು ಎಂಬುದು. ಏಪ್ರಿಲ್‌ನಲ್ಲಿ ಬಿಸಿಲು ಹಿತವಾಗಿರುತ್ತದೆ, ಸಮುದ್ರ ಇನ್ನೂ ಚಳಿಗಾಲದಲ್ಲೇ ಇರುತ್ತದೆ. ನಮ್ಮಲ್ಲಿ ಈ ಪಾಠ ತಲೆಕೆಳಗು. ಜೀವನ್ ಬಿಮಾ ನಗರದಿಂದ ಇಂದಿರಾನಗರ ದಾಟಿ ಹಲಸೂರು ಕೆರೆಗೆ ಜನವರಿಯ ಮುಂಜಾನೆ ಹೋಗಿ ನೋಡಿ. ನೀರಿನ ಮೇಲೆ ಬಿಳಿ ಹಬೆ ಎದ್ದಿರುವ ದಿನಗಳುಂಟು. ಗಾಳಿಗಿಂತ ನೀರು ಬೆಚ್ಚಗಿದೆ ಎಂಬುದಕ್ಕೆ ಥರ್ಮಾಮೀಟರೇ ಬೇಡ. ಈ ಕೆರೆಯ ದಡದಲ್ಲೇ ಮದ್ರಾಸ್ ಎಂಜಿನಿಯರ್ ಗ್ರೂಪ್, ನಮ್ಮೆಲ್ಲರ ಬಾಯಲ್ಲಿ ಎಂಇಜಿ. ಸೇನೆಯ ಎಂಜಿನಿಯರುಗಳು 1985ರಿಂದ 1987ರವರೆಗೆ ‘ತೃಷ್ಣಾ’ ಎಂಬ ಹಾಯಿನೌಕೆಯಲ್ಲಿ ಭೂಮಿಯನ್ನು ಸುತ್ತಿ ಬಂದರು. ಬೆಂಗಳೂರಿನ ತೃಷ್ಣಾ ಸೈಲಿಂಗ್ ಕ್ಲಬ್‌ಗೆ ಆ ನೌಕೆಯದೇ ಹೆಸರು.

ಇಲ್ಲಿ ಮಗುಚಿದವನಿಗೆ ಚಳಿ ಹಿಡಿಯುವುದು ನೀರಿನಲ್ಲಲ್ಲ, ಮೇಲೆದ್ದು ಬಂದ ಮೇಲೆ. ಮಣ್ಣಿನ ಹೂಜಿ ನೀರನ್ನು ತಣ್ಣಗಿಡುವ ಉಪಾಯವೇ ಅವನ ಒದ್ದೆ ಟೀಶರ್ಟಿನಲ್ಲೂ ನಡೆಯುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,400 ಜೂಲ್ ಶಾಖ ಬೇಕು. ಒಂದು ಲೋಟ, ಅಂದರೆ 200 ಗ್ರಾಂ ನೀರು ಗಾಳಿಗೆ ಆರಿದರೆ 480 ಕಿಲೋಜೂಲ್. ಒಂದು ಪಾಲನ್ನು ಗಾಳಿ ಕೊಟ್ಟರೂ ಉಳಿದದ್ದನ್ನು ಮೈ ತೆರಬೇಕು. ಹಾಗಾಗಿ ಹಲಸೂರಿಗಾಗಲಿ ಕೆಆರ್‌ಎಸ್ ಹಿನ್ನೀರಿಗಾಗಲಿ ಗಾಳಿ ತಡೆಯುವ ತೆಳು ಜಾಕೆಟ್ಟು, ತೀರಾ ಚಳಿಯವರಿಗೆ ಒಂದೆರಡು ಮಿ.ಮೀ. ನಿಯೋಪ್ರೀನ್ ಮೇಲಂಗಿ ಸಾಕು. ಡ್ರೈಸೂಟು ಹಲಸೂರಿನಲ್ಲಿ ಬೇಕೆನಿಸಿದರೆ ಅದು ಚಳಿಗಲ್ಲ. 2016ರ ಮಾರ್ಚ್‌ನಲ್ಲಿ ಈ ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದನ್ನು ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಕೊಳಕು ನೀರಿಗಿಳಿಯುವ ವೃತ್ತಿಪರ ಮುಳುಗುಗಾರರು ಡ್ರೈಸೂಟನ್ನೇ ತೊಡುವುದು.

ಸೌತಾಂಪ್ಟನ್ನಿನ ಹುಡುಗನಿಗೆ ಹೇಳಿದೆ: ‘ಜನವರಿಯಲ್ಲೂ ಇಳಿಯುವವನಾದರೆ ಡ್ರೈಸೂಟೇ ತಗೋ, ಒಳಗೆ ಉಣ್ಣೆ ಹಾಕು, ಹತ್ತಿ ಬೇಡ. ಮೇ ಆದಮೇಲಷ್ಟೇ ಆಡ್ತೀನಿ ಅನ್ನೋದಾದ್ರೆ ವೆಟ್‌ಸೂಟ್ ಸಾಕು. ಎರಡರ ಮೇಲೂ ತೇಲುಜಾಕೆಟ್ ಮಾತ್ರ ತಪ್ಪಿಸಬೇಡ.’ ಡ್ರೈಸೂಟೇ ಕೊಂಡ. ರಜೆಗೆ ಬಂದಾಗ ಅದನ್ನೂ ಮಡಚಿ ತಂದಿದ್ದ. ಶನಿವಾರ ನನ್ನ ತಂಗಿ ಅವನಿಗೆ ನೆತ್ತಿಯಿಂದ ಕತ್ತಿನವರೆಗೆ ಕೊಬ್ಬರಿ ಎಣ್ಣೆ ತಿಕ್ಕಿ ಕೂರಿಸಿದ್ದಳು. ಅಷ್ಟರಲ್ಲಿ ಪಕ್ಕದ ಮನೆಯವರು ಬಂದು ‘ಅದೇನಪ್ಪಾ ಸೂಟು, ಹಾಕಿ ತೋರಿಸು’ ಎಂದರು. ಹುಡುಗ ಉಬ್ಬಿಹೋದ. ಆ ಬಿಗಿ ಸೀಲಿನೊಳಗಿಂದ ಎಣ್ಣೆ ತಲೆ ಬೆಣ್ಣೆಯಂತೆ ಜಾರಿ ಹೊರಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು, ಮೇಷ್ಟ್ರಾದ ನಾನೂ. ಎಣ್ಣೆ ಲೇಟೆಕ್ಸಿನೊಳಗೆ ಇಳಿದು ಅದನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ ಎಂಬುದು ನನಗೆ ಆ ಹೊತ್ತಿಗೆ ಹೊಳೆಯಲೇ ಇಲ್ಲ. ಎರಡು ತಿಂಗಳಲ್ಲಿ ಕತ್ತಿನ ಸೀಲು ಅಂಟಂಟಾಗಿ ಕೈಗೆ ಕಿತ್ತು ಬಂತಂತೆ. ಹೊಸ ಸೀಲು ಹಾಕಿಸಿದ್ದಾನೆ. ಈಗ ಅವನಿಗೆ ಪಾರ್ಸೆಲ್ ಕಳಿಸುವಾಗ ಚಟ್ನಿಪುಡಿ, ಕೋಡುಬಳೆ, ಒಂದು ಡಬ್ಬಿ ಟಾಲ್ಕಂ ಪೌಡರ್.