ಅಮೇರಿಕದ ಯುದ್ಧವೂ ನಮ್ಮ ಐದು ಊರುಗಳೂ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ಊರುಗಳ ಮೇಲೆ ಎರಡನೆಯ ಮಹಾಯುದ್ಧದಲ್ಲಿ ಒಂದು ಬಾಂಬಾದರೂ ಬೀಳಲಿಲ್ಲ. ಶತ್ರುವಿನ ಸೈನ್ಯವು ಇತ್ತ ಸುಳಿಯಲಿಲ್ಲ. ಆದುದರಿಂದ ಆ ಯುದ್ಧವು ಪರರ ಯುದ್ಧವೆಂದೂ, ಅದರಲ್ಲಿಯೂ ಅಮೇರಿಕದವರು ಮಾಡಿದುದೆಲ್ಲವೂ ಸಮುದ್ರದಾಚೆಯ ಸಂಗತಿಯೆಂದೂ ನಮ್ಮವರಲ್ಲಿ ಅನೇಕರು ತಿಳಿದಿರುವರು. ಈ ತಿಳಿವಳಿಕೆಯು ಸರಿಯಾದುದಲ್ಲ. ಯುದ್ಧವು ಫಿರಂಗಿಯ ಬಾಯಿಯಿಂದ ಮಾತ್ರವೇ ಮನೆಯನ್ನು ಹೊಗುವುದಿಲ್ಲ. ಜೋಳದ ಹಗೇವಿನಿಂದಲೂ, ದೀಪದ ಎಣ್ಣೆಯಿಂದಲೂ, ಸೆರಗಿನಲ್ಲಿ ಗಂಟಿಕ್ಕಿದ ರೂಪಾಯಿಯಿಂದಲೂ ಅದು ಒಳಗೆ ಬರುವುದು. ಹಾಗೆ ಬಂದ ಬಗೆಯನ್ನು ವಾಚಕರ ಮುಂದೆ ಇರಿಸಬೇಕೆಂದು ನಾವು ಅಪೇಕ್ಷಿಸಿರುವೆವು.

ಈಗ ವಿಜಯನಗರ ಜಿಲ್ಲೆಯಲ್ಲಿರುವ ಈ ಸೀಮೆಯು ಆಗ ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದಿತು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳು ತಾಲ್ಲೂಕಿನ ಕಸಬೆಗಳು. ಕೊಟ್ಟೂರೂ ಹಗರಿಬೊಮ್ಮನಹಳ್ಳಿಯೂ ಇನ್ನೂ ಆ ಪದವಿಗೆ ಬಂದಿರಲಿಲ್ಲ. 1941ನೆಯ ಡಿಸೆಂಬರ್ 7ರಂದು ಜಪಾನಿನವರು ಪರ್ಲ್ ಹಾರ್ಬರಿನ ಮೇಲೆ ಬಿದ್ದರು. ಅಮೇರಿಕವು ಯುದ್ಧಕ್ಕೆ ಇಳಿಯಿತು. ಮೂರು ತಿಂಗಳು ಕಳೆಯುವುದರೊಳಗೆ, 1942ರ ಮಾರ್ಚಿಯಲ್ಲಿ, ರಂಗೂನು ಜಪಾನಿನವರ ವಶವಾಯಿತು. ಬರ್ಮಾದ ಅಕ್ಕಿಯೂ ಸೀಮೆಎಣ್ಣೆಯೂ ಒಮ್ಮೆಗೇ ನಿಂತುಹೋದುವು. ನಮ್ಮದು ಜೋಳವನ್ನು ಉಣ್ಣುವ ಸೀಮೆ, ಬರ್ಮಾದ ಅಕ್ಕಿಯಿಂದ ನಮಗೇನು ಎಂದು ಕೇಳುವವರುಂಟು. ಆದರೆ ನೆರೆಯ ಮನೆಯಲ್ಲಿ ಅಕ್ಕಿ ತೀರಿದಾಗ ನಮ್ಮ ಜೋಳಕ್ಕೆ ಬೆಲೆ ಏರದೆ ಇರುವುದುಂಟೆ? ಸರ್ಕಾರದವರು ಯುದ್ಧದ ವೆಚ್ಚಕ್ಕಾಗಿ ನೋಟುಗಳನ್ನು ಅಚ್ಚು ಹಾಕುತ್ತ ಹೋದರು. ದೇಶದಲ್ಲಿ ಚಲಾವಣೆಯಲ್ಲಿದ್ದ ಹಣವು 1939ರಿಂದ 1945ರೊಳಗೆ ಆರು ಪಾಲಿನಷ್ಟಾಯಿತು. ಬೆಳೆಯು ಆರು ಪಾಲಾಗಲಿಲ್ಲ. 1943ರಲ್ಲಿ ಬಟ್ಟೆಗೂ ನೂಲಿಗೂ ಕಂಟ್ರೋಲು ಬಂದಿತು. ಹತ್ತಿಯನ್ನು ಬೆಳೆಯುವ ನಾಡಿನಲ್ಲಿಯೇ ಸೀರೆಗಾಗಿ ಸಾಲುಗಟ್ಟಿ ನಿಲ್ಲುವ ಕಾಲ ಅದು.

ಇನ್ನು ರೂಪಾಯಿಯ ಸಂಗತಿ. 1940ಕ್ಕೆ ಮುಂಚೆ ನಮ್ಮ ರೂಪಾಯಿಯಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿಯಿದ್ದಿತು. ಆ ವರ್ಷ ಅದನ್ನು ಅರ್ಧಕ್ಕೆ ಇಳಿಸಿದರು. ಒಂದು ರೂಪಾಯಿಯ ಕಾಗದವನ್ನೂ ಹೊರಡಿಸಿದರು. ಹಳೆಯ ನಾಣ್ಯವು ಕಲ್ಲಿನ ಮೇಲೆ ಕೊಡುತ್ತಿದ್ದ ಸದ್ದನ್ನು ಬಲ್ಲ ರೈತನು ಹೊಸದನ್ನು ನಂಬಲಿಲ್ಲ, ಹಳೆಯದನ್ನು ಹೂತಿಟ್ಟನು. ಆಗ ಹಿಂದೂಸ್ಥಾನಕ್ಕೆ ಬೆಳ್ಳಿಯನ್ನು ಕಡ ಕೊಟ್ಟವರು ಅಮೇರಿಕದವರು. ನಾಣ್ಯದ ಕೊರತೆಯನ್ನು ತುಂಬುವುದಕ್ಕೂ ಬೆಲೆಗಳ ಏರಿಕೆಯನ್ನು ತಡೆಯುವುದಕ್ಕೂ 1944ರಿಂದ ಸುಮಾರು 22 ಕೋಟಿ 60 ಲಕ್ಷ ಔನ್ಸು ಬೆಳ್ಳಿಯು ಹಡಗುಗಳಲ್ಲಿ ಬಂದಿತು. ನಮ್ಮ ತೊಲದ ಲೆಕ್ಕದಲ್ಲಿ ಅದು 60 ಕೋಟಿಗೆ ಮಿಕ್ಕುದು. ಇದು ದಾನವಲ್ಲ, ಔನ್ಸಿಗೆ ಔನ್ಸು ಹಿಂದಕ್ಕೆ ಕೊಡತಕ್ಕದ್ದೆಂಬ ಕರಾರಿದ್ದಿತು. 1947ರಲ್ಲಿ ನಿಕ್ಕಲಿನ ರೂಪಾಯಿ ಬಂದಿತು. ಜನರ ಕೈಯಿಂದ ಬೆಳ್ಳಿಯ ನಾಣ್ಯಗಳನ್ನು ಹಿಂದೆಗೆದು, ಕರಗಿಸಿ, ಶುದ್ಧಮಾಡಿ, ಸ್ವತಂತ್ರ ಹಿಂದೂಸ್ಥಾನವು ತನ್ನ ಪಾಲಿನ ಋಣವನ್ನು 1957ರಲ್ಲಿ ತೀರಿಸಿತು. ಯುದ್ಧವನ್ನು ಸಾರಿದವನು ವೈಸರಾಯನು, ಸಾಲವನ್ನು ಪಡೆದವನೂ ಅವನೇ, ತೀರಿಸಿದವರು ನಾವು. ನಮ್ಮ ಸಂತೆಗಳಲ್ಲಿ ಕೈಯಿಂದ ಕೈಗೆ ಸಾಗಿದ ರೂಪಾಯಿಗಳೂ ಆ ಮೂಸೆಯನ್ನು ಸೇರಿದುವೆಂಬುದರಲ್ಲಿ ಸಂದೇಹವೇನು?

ಇದು ಮನೆಯೊಳಗಿನ ಮಾತಾಯಿತು. ಅಮೇರಿಕದ ಸೈನ್ಯವೇ ಕನ್ನಡನಾಡಿಗೆ ಬಂದು ಕುಳಿತ ಪ್ರಸಂಗವೂ ಒಂದುಂಟು. 1940ರ ಡಿಸೆಂಬರಿನಲ್ಲಿ ಮೈಸೂರು ಸರ್ಕಾರದ ಆಶ್ರಯದಿಂದಲೂ, ಶೇಠ್ ವಾಲಚಂದ ಹೀರಾಚಂದರ ಸಾಹಸದಿಂದಲೂ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು ಹುಟ್ಟಿತು. ಯಂತ್ರಗಳನ್ನೂ ತಜ್ಞರನ್ನೂ ಒದಗಿಸಿದವನು ವಿಲಿಯಂ ಪಾಲಿಯೆಂಬ ಅಮೇರಿಕದ ವರ್ತಕನು. 1941ರ ಆಗಸ್ಟಿನಲ್ಲಿ ಹಾರ್ಲೋ ಎಂಬ ಶಿಕ್ಷಣದ ವಿಮಾನವೂ, 1942ರ ಜುಲೈಯಲ್ಲಿ ಕರ್ಟಿಸ್ ಹಾಕ್ ಎಂಬ ಯುದ್ಧವಿಮಾನವೂ ಅಲ್ಲಿ ಸಿದ್ಧವಾಗಿ ಹಾರಿದುವು. ನಮ್ಮ ಕಾರ್ಮಿಕರ ಕೈಗಳು ವಿಮಾನವನ್ನು ಜೋಡಿಸಬಲ್ಲವೆಂದು ಲೋಕಕ್ಕೆ ತಿಳಿಯಿತು. ಆದರೆ ಅಷ್ಟರಲ್ಲಿಯೇ ಹಿಂದೂಸ್ಥಾನ ಸರ್ಕಾರದವರು ವಾಲಚಂದರ ಪಾಲನ್ನು ಕೊಂಡರು. 1943ರಲ್ಲಿ ಕಾರ್ಖಾನೆಯ ಆಡಳಿತವು ಅಮೇರಿಕದ ವಾಯುಸೈನ್ಯದ ಕೈಸೇರಿತು. ಹೊಸ ವಿಮಾನಗಳನ್ನು ಕಟ್ಟುವ ಕಾರ್ಯವು ಹಿಂದೆ ಬಿದ್ದಿತು. ರಣರಂಗದಿಂದ ಬಂದ ಡಕೋಟಾ, ಮಿಚೆಲ್, ಕ್ಯಾಟಲಿನಾ ವಿಮಾನಗಳನ್ನು ರಿಪೇರಿಮಾಡುವ ಮಹಾ ಕಮ್ಮಟವಾಗಿ ಅದು ಮಾರ್ಪಟ್ಟಿತು.

ಇದರಿಂದ ನಮಗೆ ಲಾಭವೇ ಆಗಲಿಲ್ಲವೆಂದು ಹೇಳುವುದು ಅನ್ಯಾಯ. ಸಾವಿರಾರು ಮಂದಿ ಕನ್ನಡಿಗರೂ ನೆರೆನಾಡಿನವರೂ ಅಲ್ಲಿ ಯಂತ್ರವಿದ್ಯೆಯನ್ನು ಕಲಿತರು. ಬೆಂಗಳೂರು ಮುಂದೆ ಕೈಗಾರಿಕೆಯ ನಗರವಾಗುವುದಕ್ಕೆ ಅದು ಬುನಾದಿಯಾಯಿತು. ಆದರೆ ನಾವೇ ರಚಿಸಿದ ವಿಮಾನವೊಂದು, ಎಚ್.ಟಿ.-2 ಎಂಬುದು, ಆಕಾಶಕ್ಕೆ ಏರಿದುದು 1951ರ ಆಗಸ್ಟಿನಲ್ಲಿ. ಯುದ್ಧವು ಕೈಗೆ ಕಸುಬನ್ನು ಕೊಟ್ಟಿತು. ಆ ಕೈಯಿಂದ ಏನನ್ನು ಮಾಡಬೇಕೆಂಬ ನಿರ್ಧಾರವನ್ನು ಮಾತ್ರ ನಮಗೆ ಕೊಡಲಿಲ್ಲ. ಪರಾಧೀನತೆಯೆಂದರೆ ಇದೇ ಅಲ್ಲವೆ?

ಅದೇ ವರ್ಷಗಳಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಯುದ್ಧದಲ್ಲಿ ಹಿಡಿದುತಂದ ಇಟಲಿಯ ಸೆರೆಯಾಳುಗಳಿದ್ದರು. ಬಳ್ಳಾರಿಯ ಆಲಿಪುರದ ಜೈಲಿನಲ್ಲಿ ಇದ್ದವರು ಯಾರು? ಸ್ವಾತಂತ್ರ್ಯವನ್ನು ಕೇಳಿದ ನಮ್ಮವರೇ. ಒಂದೆಡೆ ಸ್ವಾತಂತ್ರ್ಯದ ಶತ್ರುಗಳ ಸೈನಿಕರು, ಮತ್ತೊಂದೆಡೆ ಸ್ವಾತಂತ್ರ್ಯದ ಸೇವಕರು. ಇಬ್ಬರಿಗೂ ಬೀಗ ಹಾಕಿದ ಸರ್ಕಾರವು ಒಂದೇ.

ಅಮೇರಿಕದವರು ಇದನ್ನು ಅರಿಯದೆ ಇರಲಿಲ್ಲ. 1941ರ ಆಗಸ್ಟ್ 14ರಂದು ಅಧ್ಯಕ್ಷ ರೂಸ್‌ವೆಲ್ಟರೂ ಚರ್ಚಿಲ್ಲರೂ ಅಟ್ಲಾಂಟಿಕ್ ಘೋಷಣೆಯನ್ನು ಪ್ರಕಟಿಸಿ, ಜನರು ತಮಗೆ ಬೇಕಾದ ಸರ್ಕಾರವನ್ನು ಆರಿಸಿಕೊಳ್ಳುವ ಹಕ್ಕನ್ನು ಗೌರವಿಸುವೆವೆಂದರು. ತಿಂಗಳು ಕಳೆಯುವಷ್ಟರಲ್ಲಿ ಚರ್ಚಿಲ್ಲರು ಅದು ಹಿಂದೂಸ್ಥಾನಕ್ಕೆ ಅನ್ವಯಿಸದೆಂದು ಪಾರ್ಲಿಮೆಂಟಿನಲ್ಲಿ ಸ್ಪಷ್ಟಪಡಿಸಿದರು. ರೂಸ್‌ವೆಲ್ಟರು ತಮ್ಮ ಸ್ವಂತ ಪ್ರತಿನಿಧಿಗಳಾಗಿ ಮೊದಲು ಲೂಯಿ ಜಾನ್‌ಸನ್ನರನ್ನೂ ಅನಂತರ ವಿಲಿಯಂ ಫಿಲಿಪ್ಸರನ್ನೂ ಇಲ್ಲಿಗೆ ಕಳುಹಿಸಿದರು. ಫಿಲಿಪ್ಸರು ಸೆರೆಯಲ್ಲಿದ್ದ ಗಾಂಧೀಜಿಯವರನ್ನು ನೋಡಬೇಕೆಂದು ಕೇಳಿದರು, ವೈಸರಾಯನು ಒಪ್ಪಲಿಲ್ಲ, ಅಮೇರಿಕವು ಅಷ್ಟಕ್ಕೇ ಸುಮ್ಮನಾಯಿತು. 1943ರಲ್ಲಿ ಬಂಗಾಳವು ಹಸಿವಿನಿಂದ ಸತ್ತಿತು. ಮರುವರ್ಷ ಆಸ್ಟ್ರೇಲಿಯದ ಗೋಧಿಯನ್ನು ಹಿಂದೂಸ್ಥಾನಕ್ಕೆ ತರಲು ಹಡಗುಗಳನ್ನು ಕೊಡಿರೆಂದು ಸ್ವತಃ ಚರ್ಚಿಲ್ಲರೇ ಕೇಳಿದಾಗಲೂ ಯುದ್ಧಕಾರ್ಯಕ್ಕೆ ಅಡ್ಡಿಯಾಗುವುದೆಂದು ರೂಸ್‌ವೆಲ್ಟರು ಆಗದೆಂದರು. ಸ್ನೇಹವು ಇದ್ದಿತು, ಮಿತ್ರನಾದ ಬ್ರಿಟನ್ನಿನ ಮನಸ್ಸನ್ನು ನೋಯಿಸುವಷ್ಟು ಇರಲಿಲ್ಲ.

1942ರ ಜುಲೈ 1ರಂದು ಗಾಂಧೀಜಿಯವರು ರೂಸ್‌ವೆಲ್ಟರಿಗೆ ಒಂದು ಪತ್ರವನ್ನು ಬರೆದು, ಅಮೇರಿಕದ ಲೇಖಕ ಲೂಯಿ ಫಿಷರರ ಕೈಯಲ್ಲಿ ಕಳುಹಿಸಿದರು. ಸ್ವತಂತ್ರ ಹಿಂದೂಸ್ಥಾನದಲ್ಲಿ ಜಪಾನಿನವರನ್ನು ತಡೆಯುವುದಕ್ಕಾಗಿ ಮಿತ್ರರಾಷ್ಟ್ರಗಳ ಸೈನ್ಯವು ನಿಲ್ಲುವುದಕ್ಕೆ ತಮ್ಮ ಅಡ್ಡಿಯಿಲ್ಲವೆಂದು ಅದರಲ್ಲಿ ಹೇಳಿದರು. ಜೊತೆಗೆ, ಹಿಂದೂಸ್ಥಾನವೂ ಆಫ್ರಿಕವೂ ಪರರ ಸೊತ್ತಾಗಿರುವವರೆಗೆ, ಅಮೇರಿಕದ ಮನೆಯಲ್ಲಿಯೇ ನೀಗ್ರೋ ಜನರ ಪ್ರಶ್ನೆಯು ಉಳಿದಿರುವವರೆಗೆ, ಪ್ರಜಾಪ್ರಭುತ್ವಕ್ಕಾಗಿ ಹೋರಾಡುವೆವೆಂಬ ಮಾತು ಟೊಳ್ಳಾಗಿ ಕೇಳುವುದೆಂದು ವಿನಯದಿಂದಲೇ ಸೂಚಿಸಿದರು. ನಲವತ್ತು ದಿನಗಳು ತುಂಬುವ ಮುನ್ನ, ಆಗಸ್ಟ್ 9ರಂದು, ಪತ್ರವನ್ನು ಬರೆದವರು ಸೆರೆಯಾದರು.

ದೀಪದ ಬುಡದಲ್ಲಿ ಕತ್ತಲೆ ಎಂಬ ನಮ್ಮ ಗಾದೆಯು ಅಂದಿನ ಅಮೇರಿಕಕ್ಕೆ ಚೆನ್ನಾಗಿ ಒಪ್ಪುವುದು. 1942ರ ಫೆಬ್ರವರಿ 19ರಂದು ರೂಸ್‌ವೆಲ್ಟರು ಮಾಡಿದ ಆಜ್ಞೆಯಿಂದ ಪಶ್ಚಿಮ ತೀರದಲ್ಲಿದ್ದ ಜಪಾನೀ ವಂಶದ ಸುಮಾರು 1 ಲಕ್ಷ 20 ಸಾವಿರ ಜನರನ್ನು ಮನೆಮಾರುಗಳಿಂದ ಎಬ್ಬಿಸಿ ಮುಳ್ಳುತಂತಿಯ ಶಿಬಿರಗಳಿಗೆ ಅಟ್ಟಿದರು. ಅವರಲ್ಲಿ ಮೂರರಲ್ಲಿ ಎರಡು ಪಾಲು ಜನರು ಅಮೇರಿಕದಲ್ಲಿಯೇ ಹುಟ್ಟಿದ ಪ್ರಜೆಗಳು. ಕಪ್ಪು ಜನಾಂಗದವರು ದೇಶಕ್ಕಾಗಿ ಬಂದೂಕು ಹಿಡಿದರು; ಅವರ ಪಟಾಲಮುಗಳು ಬೇರೆ, ಪಂಕ್ತಿ ಬೇರೆ. ಗಾಯಾಳುಗಳಿಗೆ ಕೊಡುವ ರಕ್ತವನ್ನು ಸಹ ರೆಡ್‌ಕ್ರಾಸಿನವರು ಬಿಳಿಯರದು ಬೇರೆ, ಕರಿಯರದು ಬೇರೆ ಎಂದು ಗುರುತು ಹಾಕಿ ಇರಿಸಿದರು. ಅಸ್ಸಾಮಿನ ಲೀಡೋದಿಂದ ಬರ್ಮಾದ ಬೆಟ್ಟಗಳನ್ನು ಕಡಿದು ಚೀನಾದ ಕಡೆಗೆ ದಾರಿ ಮಾಡಿದ ಅಮೇರಿಕದ ಸೈನಿಕರಲ್ಲಿ ಅರ್ಧಕ್ಕೂ ಮಿಕ್ಕವರು ಇದೇ ಕಪ್ಪು ಜನಾಂಗದವರು.

ಅಮೇರಿಕದವರನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ. ಹಿಟ್ಲರನ ಸೋಲು ಲೋಕಕ್ಕೆ ಹಿತವಾಯಿತು. ಆ ಯುದ್ಧದಲ್ಲಿ ಅವರ 4 ಲಕ್ಷಕ್ಕೂ ಹೆಚ್ಚು ಮಕ್ಕಳು ಮಡಿದರು. ನಮ್ಮವರೂ 25 ಲಕ್ಷ ಮಂದಿ ಸೈನ್ಯವನ್ನು ಸೇರಿದರು; ಸುಮಾರು 87 ಸಾವಿರ ಮಂದಿ ಹಿಂದಿರುಗಲಿಲ್ಲ. ಅಮೇರಿಕದವರ ಇನ್ನೊಂದು ಗುಣವನ್ನೂ ನಾವು ಒಪ್ಪಬೇಕು. ಅವರು ತಮ್ಮ ತಪ್ಪನ್ನು ಮುಚ್ಚಿಟ್ಟೇ ಕಾಲ ಕಳೆಯಲಿಲ್ಲ. ಕಾರ್ಮಿಕರ ಮುಖಂಡ ಫಿಲಿಪ್ ರ‍್ಯಾಂಡಾಲ್ಫರು ಸಹಸ್ರಾರು ಜನರೊಡನೆ ರಾಜಧಾನಿಗೆ ನಡೆದುಬರುವೆನೆಂದುದರಿಂದ 1941ರ ಜೂನಿನಲ್ಲಿಯೇ ಯುದ್ಧದ ಕಾರ್ಖಾನೆಗಳಲ್ಲಿ ವರ್ಣಭೇದವನ್ನು ಮಾಡಕೂಡದೆಂದು ಆಜ್ಞೆಯಾಯಿತು. 1946ರ ಜುಲೈಯಲ್ಲಿ ಹಿಂದೂಸ್ಥಾನದವರಿಗೆ ಅಲ್ಲಿ ಪೌರತ್ವದ ಹಕ್ಕು ದೊರೆಯಿತು. ವರ್ಷಕ್ಕೆ ನೂರು ಮಂದಿಗೆ ಮಾತ್ರ ಪ್ರವೇಶವಾದರೂ ಮುಚ್ಚಿದ್ದ ಬಾಗಿಲು ಬಿರುಕುಬಿಟ್ಟಿತು. 1948ರ ಜುಲೈಯಲ್ಲಿ ಅಧ್ಯಕ್ಷ ಟ್ರೂಮನ್ನರು ಸೈನ್ಯದಲ್ಲಿ ಸಮಾನತೆಯನ್ನು ಆಜ್ಞಾಪಿಸಿದರು. 1988ರ ಆಗಸ್ಟಿನಲ್ಲಿ ಅಮೇರಿಕದ ಸರ್ಕಾರವು ಶಿಬಿರಗಳಲ್ಲಿ ನೊಂದು ಉಳಿದಿದ್ದ ಜಪಾನೀ ವಂಶದವರ ಕ್ಷಮೆಯನ್ನು ಕೇಳಿ, ತಲೆಗೆ 20 ಸಾವಿರ ಡಾಲರನ್ನು ಕೊಡುವ ಕಾಯಿದೆಯನ್ನು ಮಾಡಿತು. ನಲವತ್ತಾರು ವರ್ಷಗಳು ತಡವಾಯಿತು, ನಿಜ. ಆದರೆ ಲೆಕ್ಕದ ಪುಸ್ತಕವನ್ನು ಅವರು ಸುಡಲಿಲ್ಲ. ಇವುಗಳಲ್ಲಿ ಯಾವುದೂ ಗೆದ್ದವರ ಔದಾರ್ಯದಿಂದ ತಾನಾಗಿ ಬಂದುದಲ್ಲ. ಅನ್ಯಾಯಕ್ಕೆ ಒಳಗಾದವರು ಬಿಡದೆ ಕೇಳಿದುದರಿಂದ ಬಂದಿತು.

ಪರರ ದೀಪದ ಬುಡವನ್ನು ನೋಡಿದ ಮೇಲೆ ನಮ್ಮದನ್ನೂ ನೋಡಬೇಡವೆ? ನಾವು ವೈಸರಾಯನನ್ನು ಸ್ವಾತಂತ್ರ್ಯ ಕೊಡೆಂದು ಕೇಳುತ್ತಿದ್ದಾಗ ನಮ್ಮ ಊರುಗಳ ಬಾವಿಗಳೂ ದೇವಸ್ಥಾನಗಳೂ ಎಲ್ಲರಿಗೂ ತೆರೆದಿರಲಿಲ್ಲ. ದೇವಸ್ಥಾನ ಪ್ರವೇಶದ ಕಾಯಿದೆಯೂ, ಹೆಣ್ಣುಮಕ್ಕಳನ್ನು ದೇವದಾಸಿಯರನ್ನಾಗಿ ಬಿಡಕೂಡದೆಂಬ ಕಾಯಿದೆಯೂ ಮದರಾಸು ಆಧಿಪತ್ಯದಲ್ಲಿ ಆದುದು 1947ರಲ್ಲಿ. ಎರಡನೆಯ ವಿಷಯಕ್ಕೆ ಕರ್ನಾಟಕ ಸರ್ಕಾರವು 1982ರಲ್ಲಿ ಮತ್ತೊಂದು ಕಾಯಿದೆಯನ್ನು ಮಾಡಬೇಕಾಯಿತೆಂದರೆ ಮೊದಲನೆಯದು ಎಷ್ಟರ ಮಟ್ಟಿಗೆ ನಡೆಯಿತೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು. ಆ ಪದ್ಧತಿಗೆ ಬಲಿಯಾದ ಹೆಂಗಸರು ಈ ತಾಲ್ಲೂಕುಗಳಲ್ಲಿ ಇಂದಿಗೂ ಇರುವರು. ಅವರ ಲೆಕ್ಕವು ಇನ್ನೂ ತೀರಿಲ್ಲ.

ಕೂಡ್ಲಿಗಿಯ ಹುತಾತ್ಮ ಸ್ಮಾರಕದಲ್ಲಿ ಗಾಂಧೀಜಿಯವರ ಚಿತಾಭಸ್ಮವಿರುವುದು ವಾಚಕರಿಗೆ ತಿಳಿದೇ ಇದೆ. ಜನವರಿ 30ರಂದು ಹೂವೇರಿಸುವುದರೊಡನೆ ನಮ್ಮ ಕರ್ತವ್ಯವು ಮುಗಿಯಿತೆಂದು ಭಾವಿಸುವುದು ಸರಿಯಲ್ಲ. ಯುದ್ಧಕಾಲವನ್ನು ತಿಳಿವಳಿಕೆಯಿಂದ ಕಂಡವರು ಈಗ ತೊಂಬತ್ತನ್ನು ದಾಟಿರುವರು. ಬೆರಳೆಣಿಕೆಯಷ್ಟು ಮಂದಿ ಉಳಿದಿರುವರು. ಯಾರ ಮನೆಯಿಂದ ಸಿಪಾಯಿ ಹೋದನು, ಯಾರು ಆಲಿಪುರದಲ್ಲಿದ್ದರು, ಜೋಳವನ್ನು ಯಾರು ಬಚ್ಚಿಟ್ಟರು, ಯಾರು ಹಂಚಿದರು, ಬಾವಿಯ ಬಳಿ ಯಾರನ್ನು ತಡೆದರು ಎಂಬುದನ್ನು ಅವರು ಬಲ್ಲರು. ಈ ಐದು ಊರುಗಳ ಹೈಸ್ಕೂಲು, ಕಾಲೇಜುಗಳ ಉಪಾಧ್ಯಾಯರು ತಮ್ಮ ವಿದ್ಯಾರ್ಥಿಗಳನ್ನು ಆ ಹಿರಿಯರ ಮುಂದೆ ಕಾಗದ, ಲೇಖಣಿಗಳೊಡನೆ ಕುಳ್ಳಿರಿಸುವುದಾದರೆ ಒಂದು ಬೇಸಗೆಯ ರಜದಲ್ಲಿ ಈ ಕೆಲಸವು ಆಗಿಹೋಗುವುದು. ಬರೆದು ತಂದುದು ನಮಗೆ ಮೆಚ್ಚಿಕೆಯಾಗಲಿ, ನಾಚಿಕೆಯಾಗಲಿ, ನಮ್ಮ ಪತ್ರಿಕೆಯಲ್ಲಿ ಅದಕ್ಕೆ ಸ್ಥಳವುಂಟು.